ಆಸ್ಪತ್ರೆ ನಿಂತ ನೆಲ ಯಾರದು?

1876ರ ಆಗಸ್ಟ್ ತಿಂಗಳು. ಇಂದು ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯಕ್ಕೆ ಸೇರಿದ ಹುಲ್ಲುಗಾವಲಿನ ನಾಡಿನಲ್ಲಿ, ಫೋರ್ಟ್ ಕಾರ್ಲ್‌ಟನ್ ಎಂಬ ಕೋಟೆಯ ಬಳಿ, ಕ್ರೀ ಜನಾಂಗದ ಹಿರಿಯರು ವಿಕ್ಟೋರಿಯಾ ರಾಣಿಯ ಪ್ರತಿನಿಧಿಗಳೊಂದಿಗೆ ಮಾತುಕತೆಗೆ ಕುಳಿತಿದ್ದರು. ಕೆಲವೇ ವರ್ಷಗಳ ಹಿಂದೆ ಸಿಡುಬು ಬಂದು ಬೀಡುಬೀಡುಗಳನ್ನೇ ಬರಿದು ಮಾಡಿತ್ತು. ಅವರ ಹೊಟ್ಟೆ ಹೊರೆಯುತ್ತಿದ್ದ ಬೈಸನ್ ಹಿಂಡುಗಳು ಕಣ್ಣೆದುರೇ ಕರಗುತ್ತಿದ್ದವು. ಹಿರಿಯರು ಪಟ್ಟು ಹಿಡಿದು ಒಪ್ಪಂದಕ್ಕೆ ಒಂದು ಷರತ್ತು ಸೇರಿಸಿದರು: ಸರ್ಕಾರದ ಪ್ರತಿಯೊಬ್ಬ ಏಜೆಂಟನ ಮನೆಯಲ್ಲೂ ತಮ್ಮ ಜನರಿಗಾಗಿ ಔಷಧದ ಪೆಟ್ಟಿಗೆಯೊಂದು ಇರಬೇಕು. ಹೀಗೆ ಸಹಿಯಾದದ್ದು ‘ಆರನೆಯ ಒಪ್ಪಂದ’. ಅದರ ವ್ಯಾಪ್ತಿಗೆ ಬಂದ ನೆಲ 1,21,000 ಚದರ ಮೈಲಿ, ಅಂದರೆ ಇಡೀ ಕರ್ನಾಟಕದ ಒಂದೂವರೆ ಪಟ್ಟಿಗಿಂತಲೂ ಹೆಚ್ಚು.

ಆಲ್ಬರ್ಟಾ ಪ್ರಾಂತ್ಯದ ರಾಜಧಾನಿ ಎಡ್ಮಂಟನ್ ಇರುವುದು ಈ ನೆಲದಲ್ಲೇ. ಅಲ್ಲಿನ ಆರೋಗ್ಯ ಸಂಸ್ಥೆಗಳಲ್ಲಿ ಈಗ ಸಭೆ, ತರಬೇತಿ, ಉದ್ಘಾಟನೆ ಏನೇ ನಡೆಯಲಿ, ಮೊದಲು ಒಬ್ಬರು ಎದ್ದು ನಿಂತು ನಾಲ್ಕು ಮಾತು ಹೇಳುವುದು ರೂಢಿಯಾಗಿದೆ. ನಾವು ಸೇರಿರುವುದು ಆರನೆಯ ಒಪ್ಪಂದದ ನೆಲದಲ್ಲಿ, ಇದು ಕ್ರೀ, ಡೆನೆ, ಬ್ಲ್ಯಾಕ್‌ಫುಟ್, ನಕೋಟಾ, ಮೆಟಿ ಜನರು ತಲೆಮಾರುಗಳಿಂದ ಬಾಳಿದ ನೆಲ ಎಂಬುದು ಆ ಮಾತಿನ ಸಾರ. ಲ್ಯಾಂಡ್ ಅಕ್ನಾಲೆಜ್‌ಮೆಂಟ್ ಎಂದು ಕರೆಯುವುದು ಇದನ್ನೇ. ಕೆನಡಾದ ಉದ್ದಗಲಕ್ಕೂ ಶಾಲೆ, ನಗರಸಭೆ, ವಿಶ್ವವಿದ್ಯಾಲಯ, ಕ್ರೀಡಾಂಗಣಗಳಲ್ಲಿ ಇದು ಕಿವಿಗೆ ಬೀಳುತ್ತದೆ. ಆಸ್ಪತ್ರೆಯಲ್ಲಿ ಮಾತ್ರ ಈ ಮಾತಿಗೆ ಬೇರೆಯದೇ ಭಾರವಿದೆ. ನೆಲ ಪಡೆಯುವಾಗಲೇ ಔಷಧ ಕೊಡುವ ಮಾತನ್ನೂ ಕೊಟ್ಟಿದ್ದರಲ್ಲ!

ಆ ಪೆಟ್ಟಿಗೆಯ ಅರ್ಥವೇನೆಂಬುದು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. 1935ರಲ್ಲಿ ಡ್ರೀವರ್ ಎಂಬ ಮುಖಂಡ ಹೂಡಿದ ಮೊಕದ್ದಮೆಯಲ್ಲಿ, ಒಪ್ಪಂದದ ಪ್ರಕಾರ ಅಗತ್ಯ ಔಷಧಗಳನ್ನೆಲ್ಲ ಉಚಿತವಾಗಿ ಕೊಡಬೇಕೆಂದು ತೀರ್ಪು ಬಂತು. 1966ರಲ್ಲಿ ಸಸ್ಕಾಚೆವಾನ್‌ನ ಮೇಲ್ಮನವಿ ನ್ಯಾಯಾಲಯ ಅದೇ ಷರತ್ತನ್ನು ಅಕ್ಷರಶಃ ಓದಿತು: ಪೆಟ್ಟಿಗೆ ಎಂದರೆ ಪೆಟ್ಟಿಗೆ, ಆಸ್ಪತ್ರೆ ಖರ್ಚು ಅದರಲ್ಲಿ ಸೇರಿಲ್ಲ. ಅದು ಹುಲ್ಲುಗಾವಲಿನಲ್ಲಿ ಆಸ್ಪತ್ರೆಗಳೇ ಅಪರೂಪವಾಗಿದ್ದ ಕಾಲದಲ್ಲಿ ಕೊಟ್ಟ ಮಾತು. ಅದನ್ನು ಹೀಗೆ ಕುಗ್ಗಿಸಿದ್ದು ಮೂಲನಿವಾಸಿಗಳ ಪಾಲಿಗೆ ದೊಡ್ಡ ಅನ್ಯಾಯ. ಔಷಧದ ಪೆಟ್ಟಿಗೆ ಎಂದರೆ ಆಯಾ ಕಾಲದ ಪೂರ್ಣ ವೈದ್ಯಕೀಯ ನೆರವು ಎಂದೇ ಅವರ ಮುಖಂಡರು ವಾದಿಸುತ್ತ ಬಂದಿದ್ದಾರೆ.

ಸಭೆಯ ಮೊದಲಿಗೆ ನೆಲದ ಮೂಲ ಜನರನ್ನು ನೆನೆಯುವ ಪದ್ಧತಿ ಆಸ್ಟ್ರೇಲಿಯಾದಲ್ಲಿ ಮೊದಲೇ ಬೇರೂರಿತ್ತು. 2008ರ ಫೆಬ್ರವರಿಯಲ್ಲಿ ಪ್ರಧಾನಿ ಕೆವಿನ್ ರಡ್ ಮೂಲನಿವಾಸಿಗಳ ಕ್ಷಮೆ ಕೇಳುವ ಹಿಂದಿನ ದಿನ, ಆ ನೆಲದ ಹಿರಿಯ ಮಹಿಳೆ ಮಟಿಲ್ಡಾ ಹೌಸ್ ಸಂಸತ್ತಿಗೆ ಬಂದವರನ್ನು ತಮ್ಮ ನಾಡಿಗೆ ಸ್ವಾಗತಿಸಿದ್ದರು. ಕೆನಡಾದಲ್ಲಿ ಇದು ವೇಗ ಪಡೆದದ್ದು 2015ರ ನಂತರ. ಮೂಲನಿವಾಸಿ ಮಕ್ಕಳನ್ನು ಹೆತ್ತವರಿಂದ ಕಿತ್ತು ತಂದು ಇರಿಸಿದ ವಸತಿ ಶಾಲೆಗಳ ಬಗ್ಗೆ ಸತ್ಯ ಮತ್ತು ಸಮನ್ವಯ ಆಯೋಗ ಆ ವರ್ಷ ವರದಿ ಕೊಟ್ಟಿತು. ಸುಮಾರು 1,50,000 ಮಕ್ಕಳು ಆ ಶಾಲೆಗಳನ್ನು ಹಾದುಬಂದಿದ್ದರು. ಆಯೋಗ ಮುಂದಿಟ್ಟ 94 ಬೇಡಿಕೆಗಳಲ್ಲಿ 18ರಿಂದ 24ರವರೆಗಿನವು ಆರೋಗ್ಯಕ್ಕೆ ಸೇರಿದವು. ಮೂಲನಿವಾಸಿಗಳ ಚಿಕಿತ್ಸಾ ಪದ್ಧತಿಗೆ ಬೆಲೆ ಕೊಡಿ, ಅವರೊಳಗಿಂದ ಹೆಚ್ಚು ವೈದ್ಯ-ನರ್ಸುಗಳನ್ನು ತಯಾರು ಮಾಡಿ, ವೈದ್ಯಕೀಯ ವಿದ್ಯಾರ್ಥಿಗಳಿಗೆಲ್ಲ ಈ ಚರಿತ್ರೆ ಕಲಿಸಿ ಎಂಬುದು ಅವುಗಳಲ್ಲಿ ಮುಖ್ಯ. ನೆಲದ ಮಾತು ಹೇಳಿ ಎಂದು ಆಯೋಗ ಎಲ್ಲೂ ಕೇಳಿರಲಿಲ್ಲ. ಆಸ್ಪತ್ರೆಗಳು ಅದನ್ನು ತಾವೇ ಅಳವಡಿಸಿಕೊಂಡವು. ಎಲ್ಲಕ್ಕಿಂತ ಸುಲಭವಾಗಿ ಮಾಡಬಹುದಾದ ಕೆಲಸವೂ ಅದೇ ಆಗಿತ್ತು.

ಈ ಮಾತು ಊರಿಂದೂರಿಗೆ ಬೇರೆಯಾಗುತ್ತದೆ. ವ್ಯಾಂಕೂವರ್ ಬ್ರಿಟಿಷ್ ಕೊಲಂಬಿಯಾದಲ್ಲಿದೆ. ಅಲ್ಲಿ ಮಸ್ಕ್ವಿಯಂ, ಸ್ಕ್ವಾಮಿಶ್, ಸ್ಲೇವಾಟೂತ್ ಜನರು ನೆಲ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿಯೇ ಹಾಕಲಿಲ್ಲ. ಅದಕ್ಕೇ ಅಲ್ಲಿನ ಆಸ್ಪತ್ರೆಗಳು ‘ಬಿಟ್ಟುಕೊಡದ ನೆಲ’ ಎಂದು ಬಿಡಿಸಿ ಹೇಳುತ್ತವೆ. ಟೊರಾಂಟೊದ ಕಥೆಯೇ ಬೇರೆ. 1787ರಲ್ಲಿ ಮಿಸ್ಸಿಸಾಗ ಜನರಿಂದ ಕೊಂಡೆವೆಂದು ಬ್ರಿಟಿಷರು ಹೇಳಿದ ನೆಲಕ್ಕೆ ಸರಿಯಾದ ಪತ್ರವೇ ಇರಲಿಲ್ಲ. 1805ರಲ್ಲಿ ಹತ್ತು ಶಿಲಿಂಗ್ ಕೊಟ್ಟು ಅದನ್ನು ಸರಿಪಡಿಸಿಕೊಂಡರು. ತಕರಾರು ತೀರಿದ್ದು 2010ರಲ್ಲಿ, ಕೆನಡಾ ಸರ್ಕಾರ 14.5 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿದಾಗ. ಟೊರಾಂಟೊಗೆ ಅಂಟಿಕೊಂಡಿರುವ ಮಿಸ್ಸಿಸಾಗ ನಗರದಲ್ಲಿ ಎಷ್ಟೋ ಕನ್ನಡ ಕುಟುಂಬಗಳು ನೆಲೆಸಿವೆ. ಆ ಊರಿಗೆ ಹೆಸರು ಬಂದದ್ದು ಈ ಜನರಿಂದಲೇ. 2021ರಿಂದ ಕೆನಡಾದ ಪೌರತ್ವ ಪ್ರತಿಜ್ಞೆಯಲ್ಲೇ ಮೂಲನಿವಾಸಿಗಳ ಹಕ್ಕು ಮತ್ತು ಒಪ್ಪಂದಗಳನ್ನು ಮನ್ನಿಸುವ ಮಾತು ಸೇರಿದೆ. ಅಂದಮೇಲೆ ಅಲ್ಲಿನ ಪ್ರಜೆಯಾಗುವ ಕನ್ನಡಿಗರೂ ಈ ಋಣವನ್ನು ಬಾಯಿಬಿಟ್ಟು ಒಪ್ಪಿಕೊಂಡವರೇ.

ಆಸ್ಪತ್ರೆಯ ಋಣ ನೆಲಕ್ಕಷ್ಟೇ ನಿಲ್ಲುವುದಿಲ್ಲ. ಇಪ್ಪತ್ತನೆಯ ಶತಮಾನದ ನಡುವೆ ಸರ್ಕಾರವೇ ಮೂಲನಿವಾಸಿಗಳಿಗೆಂದು ಪ್ರತ್ಯೇಕ ‘ಇಂಡಿಯನ್ ಆಸ್ಪತ್ರೆ’ಗಳನ್ನು ನಡೆಸಿತು. ಎಡ್ಮಂಟನ್‌ನ ಚಾರ್ಲ್ಸ್ ಕ್ಯಾಮ್ಸೆಲ್ ಆಸ್ಪತ್ರೆ ಅವುಗಳಲ್ಲಿ ಹೆಸರಾದದ್ದು. ಉತ್ತರ ಧ್ರುವ ಪ್ರದೇಶದ ಪೂರ್ವ ಭಾಗದಲ್ಲಿ ಸಿ.ಡಿ. ಹೌ ಎಂಬ ಹಡಗು ಇನೂಯಿಟ್ ಜನರ ಊರುಗಳಿಗೆ ಹೋಗುತ್ತಿತ್ತು. ಜನರನ್ನು ಹಡಗಿಗೆ ಹತ್ತಿಸಿ ಎಕ್ಸ್‌ರೇ ತೆಗೆಯುತ್ತಿದ್ದರು. ಕ್ಷಯ ಕಂಡುಬಂದವರನ್ನು ಮತ್ತೆ ದಡಕ್ಕಿಳಿಯಲು ಬಿಡುತ್ತಿರಲಿಲ್ಲ. ತಾಯಿ ಮಗುವಿಗೆ ಒಂದು ಮಾತು ಹೇಳಿ ಬರುವಷ್ಟೂ ಹೊತ್ತು ಕೊಡದೆ ಹಡಗು ದಕ್ಷಿಣಕ್ಕೆ ತಿರುಗುತ್ತಿತ್ತು. ಭಾಷೆ ಬಾರದ ಊರಿನಲ್ಲಿ ವರ್ಷಗಟ್ಟಲೆ ಮಂಚ ಹಿಡಿದವರುಂಟು, ಅಲ್ಲೇ ತೀರಿಕೊಂಡವರುಂಟು. ಎಷ್ಟೋ ಮನೆಗಳಿಗೆ ಸಾವಿನ ಸುದ್ದಿಯೇ ಮುಟ್ಟಲಿಲ್ಲ. 2019ರ ಮಾರ್ಚ್‌ನಲ್ಲಿ ಪ್ರಧಾನಿ ಜಸ್ಟಿನ್ ಟ್ರೂಡೊ ಉತ್ತರದ ಇಕಾಲುಯಿಟ್ ನಗರಕ್ಕೆ ಹೋಗಿ ಇದಕ್ಕಾಗಿ ಕ್ಷಮೆ ಕೇಳಿದರು. ತಮ್ಮವರನ್ನು ಎಲ್ಲಿ ಹೂಳಲಾಯಿತು ಎಂದು ಹುಡುಕಿಕೊಳ್ಳಲು ಕುಟುಂಬಗಳಿಗೆ ನೆರವಾಗುವ ಯೋಜನೆಯೂ ಆಗ ಶುರುವಾಯಿತು.

ಇದೆಲ್ಲ ಹಳೆಯ ಮಾತು ಎನ್ನುವಂತಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ವಿನಿಪೆಗ್‌ನಲ್ಲಿ ಬ್ರಯಾನ್ ಸಿಂಕ್ಲೇರ್ ಎಂಬ 45 ವರ್ಷದ ಮೂಲನಿವಾಸಿಗೆ ಮೂತ್ರಕೋಶದ ತೊಂದರೆಯಾಗಿ, ಕ್ಲಿನಿಕ್ಕಿನ ವೈದ್ಯರು ಚೀಟಿ ಬರೆದು ದೊಡ್ಡಾಸ್ಪತ್ರೆಗೆ ಕಳಿಸಿದರು. ಎರಡೂ ಕಾಲಿಲ್ಲದ ಅವರು ತುರ್ತು ವಿಭಾಗದಲ್ಲಿ ಗಾಲಿಕುರ್ಚಿಯಲ್ಲೇ 34 ಗಂಟೆ ಕಾದರು. ಕುಡಿದು ಬಿದ್ದಿರಬೇಕು, ಚಳಿಗೆ ಒಳಗೆ ಬಂದು ಕೂತಿರಬೇಕು ಎಂದುಕೊಂಡವರೇ ಹೆಚ್ಚು. ಪಕ್ಕದಲ್ಲಿದ್ದವರು ಸಿಬ್ಬಂದಿಗೆ ಹೇಳಿದರೂ ಯಾರೂ ಬಂದು ಮುಟ್ಟಿ ನೋಡಲಿಲ್ಲ. ಕೊನೆಗೆ ನೋಡಿದಾಗ ದೇಹ ಮರಗಟ್ಟಿತ್ತು. ಅವರ ಪ್ರಾಣ ತೆಗೆದದ್ದು ಔಷಧದಿಂದ ವಾಸಿಯಾಗುವ ಮೂತ್ರಕೋಶದ ಸೋಂಕು. ಹಸಿದ ಪ್ರಾಣಿ ಬಾಗಿಲಿಗೆ ಬಂದರೂ ಒಮ್ಮೆ ತಿರುಗಿ ನೋಡುವ ಮನುಷ್ಯರು, ಆಸ್ಪತ್ರೆಯೊಳಗೆ ಮನುಷ್ಯನನ್ನೇ ನೋಡದೆ ಹೋದರು.

2020ರಲ್ಲಿ ಬ್ರಿಟಿಷ್ ಕೊಲಂಬಿಯಾ ಸರ್ಕಾರ ಮಾಡಿಸಿದ ವಿಚಾರಣೆಯಲ್ಲಿ, ಪ್ರಶ್ನೆಗೆ ಉತ್ತರಿಸಿದ ಮೂಲನಿವಾಸಿಗಳಲ್ಲಿ ಶೇ. 84ರಷ್ಟು ಮಂದಿ ಆರೋಗ್ಯ ಸೇವೆಯಲ್ಲಿ ಒಂದಲ್ಲ ಒಂದು ಬಗೆಯ ತಾರತಮ್ಯ ಅನುಭವಿಸಿದ್ದಾಗಿ ಹೇಳಿದರು.

ಇಷ್ಟು ತಿಳಿದ ಮೇಲೆ ಸಭೆಯಲ್ಲಿ ಓದುವ ನಾಲ್ಕು ಸಾಲು ಯಾವ ಲೆಕ್ಕ ಎಂದು ಯಾರಿಗಾದರೂ ಅನಿಸದಿರದು. ಮೂಲನಿವಾಸಿಗಳೇ ಈ ಪ್ರಶ್ನೆಯನ್ನು ಎಲ್ಲರಿಗಿಂತ ಕಟುವಾಗಿ ಎತ್ತಿದ್ದಾರೆ. ಟೊರಾಂಟೊದ ವಿಶ್ವವಿದ್ಯಾಲಯವೊಂದಕ್ಕೆ ಇಂಥ ಸಾಲುಗಳನ್ನು ಬರೆದುಕೊಟ್ಟ ಅನಿಶಿನಾಬೆ ಲೇಖಕ ಹೇಡನ್ ಕಿಂಗ್, ಅದನ್ನು ಬರೆದದ್ದಕ್ಕೆ ಈಗ ವಿಷಾದವಾಗುತ್ತಿದೆ ಎಂದು 2019ರಲ್ಲಿ ರೇಡಿಯೊದಲ್ಲಿ ಹೇಳಿದರು. ಓದುವವರು ಹೆಸರುಗಳನ್ನು ತಡವರಿಸಿಕೊಂಡು ಓದಿ ಮುಗಿಸುತ್ತಾರೆ, ಅದರ ಜೊತೆಗೆ ಬರಬೇಕಾದ ಹೊಣೆ ಮಾತ್ರ ಬರುವುದಿಲ್ಲ ಎಂಬುದು ಅವರ ದೂರು. ಗಿಣಿಪಾಠವಾದ ಮಾತಿಗಿಂತ ಮೌನವೇ ಮೇಲೆನ್ನುವವರೂ ಇದ್ದಾರೆ. ಆದರೆ ಮಾತನ್ನೇ ಕೈಬಿಟ್ಟರೆ ಹೊಣೆ ತಾನಾಗಿ ಬರುತ್ತದೆಯೇ? ಹಾಗೇನಿಲ್ಲ. ಒಪ್ಪಿಕೊಂಡ ಸಾಲವನ್ನು ಎದುರಿಗಿಟ್ಟು ಕೇಳಬಹುದು, ಒಪ್ಪದ ಸಾಲಕ್ಕೆ ಮೊದಲು ಸಾಕ್ಷಿ ಹುಡುಕಬೇಕಾಗುತ್ತದೆ.

ಮಾತು ಕೆಲಸವಾದ ಕಡೆ ಹೇಗಿರುತ್ತದೆಂದು ನೋಡಲು ಒಂಟಾರಿಯೊ ಪ್ರಾಂತ್ಯದ ವಾಯವ್ಯದಲ್ಲಿರುವ ಸೂ ಲುಕ್‌ಔಟ್ ಎಂಬ ಸಣ್ಣ ಊರಿಗೆ ಹೋಗಬೇಕು. ಅಲ್ಲಿನ ಮೆನೊ ಯಾ ವಿನ್ ಆಸ್ಪತ್ರೆಗೆ ಬರುವವರಲ್ಲಿ ಹೆಚ್ಚಿನವರು ದೂರದ ಕಾಡೂರುಗಳಿಂದ, ಎಷ್ಟೋ ಸಲ ಸಣ್ಣ ವಿಮಾನ ಹತ್ತಿ ಬರುವ ಮೂಲನಿವಾಸಿಗಳು. ಅವರ ಭಾಷೆ ಬಲ್ಲ ದುಭಾಷಿಗಳು ವೈದ್ಯರ ಪಕ್ಕದಲ್ಲೇ ಇರುತ್ತಾರೆ. ರೋಗಿಯ ತಟ್ಟೆಗೆ ಬೇಟೆಯ ಮಾಂಸ ಬರುತ್ತದೆ. ಇದು ಕೇಳಿದಷ್ಟು ಸಲೀಸಲ್ಲ. ಕಸಾಯಿಖಾನೆಯಲ್ಲಿ ತಪಾಸಣೆಯಾಗದ ಮಾಂಸವನ್ನು ಆಸ್ಪತ್ರೆಯಲ್ಲಿ ಬಡಿಸಲು ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಈ ಆಸ್ಪತ್ರೆಗೆ ವಿಶೇಷ ವಿನಾಯಿತಿ ಇದೆ. ವಾರಗಟ್ಟಲೆ ಮನೆ ಬಿಟ್ಟು ಮಲಗಿದ ಅಜ್ಜಿಗೆ ತನ್ನೂರಿನ ಊಟ ಎಷ್ಟು ಗುಣ ಕೊಡುತ್ತದೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಧೂಪದ ವಿಷಯವೂ ಹೀಗೆಯೇ. ಸೇಜ್ ಎಂಬ ಸೊಪ್ಪನ್ನು ಚಿಪ್ಪಿನಲ್ಲಿಟ್ಟು ಹೊತ್ತಿಸಿ, ಆ ಹೊಗೆಯನ್ನು ತಲೆ, ಕಣ್ಣು, ಎದೆಗೆ ಸವರಿಕೊಳ್ಳುವುದು ಹಲವು ಬುಡಕಟ್ಟುಗಳ ಶುದ್ಧಿಯ ಕ್ರಮ. ಆಮ್ಲಜನಕದ ಕೊಳವೆ, ಹೊಗೆ ಕಂಡೊಡನೆ ಕೂಗುವ ಅಲಾರಂ ಇರುವ ವಾರ್ಡಿನಲ್ಲಿ ಇದಕ್ಕೆ ಹಿಂದೆ ಬಾಗಿಲು ಮುಚ್ಚಿತ್ತು. ಈಗ ಹಲವು ಆಸ್ಪತ್ರೆಗಳು ಇದಕ್ಕೆಂದೇ ಗಾಳಿಯಾಡುವ ಕೋಣೆ ಕಟ್ಟಿಸಿವೆ, ಅಲಾರಂ ಸಿಬ್ಬಂದಿಗೆ ಮುಂಚೆಯೇ ತಿಳಿಸುವ ನಿಯಮ ಮಾಡಿವೆ.

2024ರ ಸೆಪ್ಟೆಂಬರ್ 18ರಂದು ಕೆನಡಾದ ವೈದ್ಯರ ಸಂಘವೇ ವಿಕ್ಟೋರಿಯಾ ನಗರದಲ್ಲಿ ಮೂಲನಿವಾಸಿಗಳ ಎದುರು ನಿಂತು, ವೈದ್ಯ ವೃತ್ತಿ ಮಾಡಿದ ಹಾನಿಗಾಗಿ ಕ್ಷಮೆ ಕೇಳಿತು. ಕೆಬೆಕ್ ಪ್ರಾಂತ್ಯದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿನ ಜೋಲಿಯೆತ್ ಆಸ್ಪತ್ರೆಯಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಏಳು ಮಕ್ಕಳ ತಾಯಿ, ಅತಿಕಮೆಕ್ ಬುಡಕಟ್ಟಿನ ಜಾಯ್ಸ್ ಎಶಾಕ್ವಾನ್, ಸಿಬ್ಬಂದಿಯ ಬೈಗುಳಗಳನ್ನು ಫೋನಿನಿಂದ ಫೇಸ್‌ಬುಕ್‌ನಲ್ಲಿ ನೇರ ಬಿತ್ತರಿಸಿದರು, ಸ್ವಲ್ಪ ಹೊತ್ತಿನಲ್ಲೇ ಪ್ರಾಣ ಬಿಟ್ಟರು. ಆ ಸಾವಿನಲ್ಲಿ ಜನಾಂಗೀಯ ಪೂರ್ವಗ್ರಹದ ಪಾಲಿದೆ ಎಂದು ಮರಣ ವಿಚಾರಣಾಧಿಕಾರಿ 2021ರಲ್ಲಿ ವರದಿ ಕೊಟ್ಟು, ವ್ಯವಸ್ಥೆಯೊಳಗೇ ಈ ದೋಷ ಇದೆಯೆಂದು ಸರ್ಕಾರ ಒಪ್ಪಿಕೊಳ್ಳಲಿ ಎಂದು ಶಿಫಾರಸು ಮಾಡಿದರು. ಎಲ್ಲ ಮೂಲನಿವಾಸಿಗಳಿಗೂ ತಾರತಮ್ಯವಿಲ್ಲದ ಚಿಕಿತ್ಸೆ ಸಿಗಬೇಕೆಂದು ಅತಿಕಮೆಕ್ ಜನರು ರೂಪಿಸಿದ ‘ಜಾಯ್ಸ್ ತತ್ವ’ ಕೇಳುವುದೂ ಅದನ್ನೇ. ಪ್ರಾಂತ್ಯದ ಆಗಿನ ಮುಖ್ಯಸ್ಥ ಫ್ರಾನ್ಸ್ವಾ ಲೆಗೊ ಆ ಒಂದು ಮಾತನ್ನು ಒಪ್ಪಲು ನಿರಾಕರಿಸಿದರು.