ಆಟಕ್ಕಿಂತ ದಾರಿಯೇ ಉದ್ದ

ಪುರುಷರ ಕಬಡ್ಡಿ ಪಂದ್ಯದಲ್ಲಿ ಆಟದ ಅವಧಿ 40 ನಿಮಿಷ. ಫುಟ್‌ಬಾಲ್‌ನದು 90 ನಿಮಿಷ. ಆದರೆ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದ ಸುತ್ತಲಿನ ಹಳ್ಳಿಯ ಹುಡುಗನೊಬ್ಬ ತನ್ನ ಕಾಲೇಜಿನ ಪರವಾಗಿ ಆ 40 ನಿಮಿಷ ಆಡಬೇಕೆಂದರೆ ಅವನ ದಿನ ಕೋಳಿ ಕೂಗುವ ಹೊತ್ತಿಗೇ ಆರಂಭವಾಗುತ್ತದೆ. ಮೊದಲ ಬಸ್ಸಿಗೆ ಕಾಲೇಜಿರುವ ಪೇಟೆಗೆ ಬರಬೇಕು. ಅಲ್ಲಿಂದ ತಂಡದ ಜೊತೆ ಪಂದ್ಯ ನಡೆಯುವ ಊರಿಗೆ ಹೋಗಬೇಕು. ಮೊದಲ ಸುತ್ತಿನಲ್ಲೇ ಸೋತರೆ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಅವನ ಕೆಲಸ ಮುಗಿಯಿತು. ಗೆದ್ದರೆ ಸಂಜೆಯವರೆಗೆ ಆಡಿ, ಕೊನೆಯ ಬಸ್ಸು ಸಿಕ್ಕೀತೇ ಎಂಬ ಚಿಂತೆ.

ಪರಊರಿನ ಪಂದ್ಯ ಎಂದರೆ ನಾವು ಸಾಮಾನ್ಯವಾಗಿ ಅಂಗಳದಲ್ಲಿ ನಡೆಯುವುದನ್ನು ಮಾತ್ರ ನೆನೆಯುತ್ತೇವೆ. ಪತ್ರಿಕೆಯಲ್ಲಿ ಬರುವುದೂ ಗೆದ್ದವರ ಹೆಸರು ಮತ್ತು ಅಂಕಗಳಷ್ಟೆ. ಆದರೆ ಆಟದ ಚರಿತ್ರೆಯನ್ನು ನೋಡಿದರೆ, ಯಾರು ಆಡುತ್ತಾರೆ, ಯಾವ ಆಟ ಆಡುತ್ತಾರೆ, ಯಾರು ಊರಿನಲ್ಲೇ ಉಳಿಯುತ್ತಾರೆ ಎಂಬುದನ್ನು ಎಷ್ಟೋ ಸಲ ನಿರ್ಧರಿಸಿರುವುದು ಅಂಗಳಕ್ಕೆ ಕರೆದೊಯ್ಯುವ ದಾರಿ ಮತ್ತು ಆ ದಾರಿಯ ಖರ್ಚು.

ರೈಲು ಕಂಪನಿ ಹೂಡಿದ ಪಂದ್ಯ

ಎರಡು ವಿದ್ಯಾಸಂಸ್ಥೆಗಳ ವಿದ್ಯಾರ್ಥಿಗಳು ಎದುರುಬದುರಾಗಿ ಸ್ಪರ್ಧಿಸುವ ಪದ್ಧತಿಗೆ ಸುಮಾರು ಎರಡು ಶತಮಾನಗಳ ಇತಿಹಾಸವಿದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ನಡುವೆ ಮೊದಲ ದೋಣಿ ಸ್ಪರ್ಧೆ ನಡೆದದ್ದು 1829ರಲ್ಲಿ. 1836ರ ಎರಡನೆಯ ಸ್ಪರ್ಧೆಯಲ್ಲಿ ಕೇಂಬ್ರಿಜ್ ದೋಣಿಗೆ ತಿಳಿನೀಲಿ ರಿಬ್ಬನ್ ಕಟ್ಟಿದ್ದರು. ಆಕ್ಸ್‌ಫರ್ಡಿನ ಬಣ್ಣ ಕಡುನೀಲಿಯಾಯಿತು. ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದ ಆಟಗಾರನನ್ನು ನಮ್ಮ ಕಾಲೇಜುಗಳಲ್ಲಿ ಇಂದಿಗೂ 'ಯೂನಿವರ್ಸಿಟಿ ಬ್ಲೂ' ಎಂದು ಕರೆಯುವುದರ ಮೂಲ ಇಲ್ಲಿದೆ.

ಅಮೆರಿಕದಲ್ಲಿ ಕಾಲೇಜುಗಳ ನಡುವಿನ ಮೊದಲ ಸ್ಪರ್ಧೆ 1852ರಲ್ಲಿ ನಡೆಯಿತು. ಅದೂ ದೋಣಿ ಸ್ಪರ್ಧೆಯೇ. ಸ್ಪರ್ಧಿಗಳು ಹಾರ್ವರ್ಡ್ ಮತ್ತು ಯೇಲ್ ಕಾಲೇಜುಗಳ ವಿದ್ಯಾರ್ಥಿಗಳು. ಕುತೂಹಲದ ಸಂಗತಿಯೆಂದರೆ, ಅವರ ಪ್ರಯಾಣದ ಖರ್ಚು ಕೊಟ್ಟದ್ದು ಒಂದು ರೈಲು ಕಂಪನಿ! ತನ್ನ ಹಳಿ ಹಾದುಹೋಗುವ ನ್ಯೂ ಹ್ಯಾಂಪ್‌ಶೈರ್ ಪ್ರಾಂತ್ಯದ ವಿನಿಪೆಸಾಕಿ ಸರೋವರಕ್ಕೆ ಪ್ರವಾಸಿಗರನ್ನು ಸೆಳೆಯುವುದು ಕಂಪನಿಯ ಉದ್ದೇಶವಾಗಿತ್ತು. ಪ್ರಯಾಣದ ವ್ಯಾಪಾರಕ್ಕೆ ಪಂದ್ಯ ನೆಪವಾಯಿತು.

1869ರ ನವೆಂಬರ್ 6ರಂದು ಪ್ರಿನ್ಸ್‌ಟನ್ ಕಾಲೇಜಿನ 25 ಮಂದಿ ರೈಲು ಹತ್ತಿ ನ್ಯೂ ಬ್ರನ್ಸ್‌ವಿಕ್ ಊರಿಗೆ ಹೋಗಿ ರಟ್‌ಗರ್ಸ್ ಕಾಲೇಜಿನ 25 ಮಂದಿಯ ವಿರುದ್ಧ ಆಡಿದರು. ಅಮೆರಿಕದ ಮೊದಲ ಅಂತರ ಕಾಲೇಜು ಫುಟ್‌ಬಾಲ್ ಪಂದ್ಯವೆಂದು ಅದನ್ನು ಗುರುತಿಸುತ್ತಾರೆ. ಆತಿಥೇಯ ರಟ್‌ಗರ್ಸ್ 6-4ರಿಂದ ಗೆದ್ದಿತು. ನೋಡಲು ಬಂದವರು ನೂರರ ಆಸುಪಾಸು. ಇಂದು ಅದೇ ದೇಶದಲ್ಲಿ ಆನ್ ಆರ್ಬರ್ ಊರಿನ ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣವೊಂದರಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. ಶನಿವಾರ ಬಂತೆಂದರೆ ವಿದ್ಯಾರ್ಥಿಗಳು, ಹಳೆಯ ವಿದ್ಯಾರ್ಥಿಗಳು ನೂರಾರು ಮೈಲಿ ಕಾರು ಓಡಿಸಿಕೊಂಡು ತಮ್ಮ ತಂಡದ ಬೆನ್ನಿಗೆ ಹೋಗುತ್ತಾರೆ. ಕ್ರೀಡಾಂಗಣದ ಹೊರಗೆ ವಾಹನಗಳ ಪಕ್ಕದಲ್ಲೇ ಒಲೆ ಹೂಡಿ ಅಡುಗೆ ಮಾಡಿಕೊಂಡು ಉಣ್ಣುತ್ತಾರೆ. ನಮ್ಮ ಕಡೆಯವರಿಗೆ ಗಾಡಿ ಕಟ್ಟಿಕೊಂಡು ಜಾತ್ರೆಗೆ ಹೋಗುವುದು ನೆನಪಾದರೆ ಆಶ್ಚರ್ಯವಿಲ್ಲ.

ತವರು ಅಂಗಳವಿಲ್ಲದ ಆಟ

ನಮ್ಮ ಕಾಲೇಜುಗಳ ವ್ಯವಸ್ಥೆ ಬೇರೆ. ಈ ವಾರ ನಿಮ್ಮ ಊರಿನಲ್ಲಿ, ಮುಂದಿನ ವಾರ ನಮ್ಮ ಊರಿನಲ್ಲಿ ಎಂಬ ಸರದಿ ಇಲ್ಲಿಲ್ಲ. ವಿಶ್ವವಿದ್ಯಾಲಯ ಪ್ರತಿವರ್ಷ ಒಂದೊಂದು ಆಟದ ಪಂದ್ಯಾವಳಿಯನ್ನು ಒಂದೊಂದು ಕಾಲೇಜಿಗೆ ವಹಿಸುತ್ತದೆ. ಉಳಿದ ಕಾಲೇಜುಗಳ ತಂಡಗಳು ಅಲ್ಲಿಗೆ ಬರಬೇಕು. ಅಂದರೆ ಆತಿಥೇಯ ಕಾಲೇಜೊಂದನ್ನು ಬಿಟ್ಟು ಬಂದವರೆಲ್ಲರಿಗೂ ಅದು ಪರಊರಿನ ಪಂದ್ಯವೇ.

ಅಲ್ಲಿ ಚೆನ್ನಾಗಿ ಆಡಿದವರನ್ನು ಆರಿಸಿ ವಿಶ್ವವಿದ್ಯಾಲಯದ ತಂಡ ಕಟ್ಟುತ್ತಾರೆ. ಆ ತಂಡ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಹೋಗುತ್ತದೆ. ವಲಯದಲ್ಲಿ ಮುಂದೆ ಬಂದ ತಂಡಗಳಿಗೆ ಅಖಿಲ ಭಾರತ ಮಟ್ಟದ ಅವಕಾಶ. ಇದನ್ನೆಲ್ಲ ನಡೆಸುವ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಬೇರು 1925ರಲ್ಲಿ ಆರಂಭವಾದ ಅಂತರ ವಿಶ್ವವಿದ್ಯಾಲಯ ಮಂಡಳಿಯಲ್ಲಿದೆ. ಪದವಿಪೂರ್ವ ವಿದ್ಯಾರ್ಥಿಗಳಿಗೆ ತಾಲ್ಲೂಕು, ಜಿಲ್ಲೆ, ರಾಜ್ಯ ಎಂಬ ಬೇರೆ ಮೆಟ್ಟಿಲುಗಳಿವೆ. ಬಸವಾಪಟ್ಟಣದಂಥ ಹೋಬಳಿ ಕೇಂದ್ರದ ಹುಡುಗರು ಮೊದಲು ಚನ್ನಗಿರಿ, ಆಮೇಲೆ ದಾವಣಗೆರೆ, ಅದೂ ದಾಟಿದರೆ ಮುಂದಿನ ಊರು ಎಂದು ಒಂದೊಂದೇ ಮೆಟ್ಟಿಲು ಹತ್ತಬೇಕು. ಪ್ರತಿ ಮೆಟ್ಟಿಲಿಗೂ ಬಸ್ಸಿನ ದರ ಹೆಚ್ಚುತ್ತದೆ.

ಇದರ ಫಲವಾಗಿ, ತಮ್ಮ ಕಾಲೇಜಿನ ತಂಡ ಆಡುವುದನ್ನು ಆ ಕಾಲೇಜಿನ ಬಹುತೇಕ ವಿದ್ಯಾರ್ಥಿಗಳು ಒಮ್ಮೆಯೂ ನೋಡಿರುವುದಿಲ್ಲ. ಹೋಗುವವರು ಹನ್ನೆರಡು ಮಂದಿ ಆಟಗಾರರು ಮತ್ತು ಒಬ್ಬರು ಪಿ.ಡಿ. ಮೇಷ್ಟ್ರು. ದೈಹಿಕ ಶಿಕ್ಷಣ ನಿರ್ದೇಶಕರೆಂಬುದು ಅವರ ಹುದ್ದೆಯ ಹೆಸರು. ದಾರಿಯಲ್ಲಿ ಅವರೇ ಖಜಾಂಚಿ, ಅವರೇ ಅಡುಗೆಯ ವ್ಯವಸ್ಥಾಪಕ, ಗಾಯವಾದರೆ ಅವರೇ ವೈದ್ಯ. ಗೆದ್ದು ಬಂದ ಸುದ್ದಿ ಮರುದಿನ ಕಾಲೇಜಿನ ಸೂಚನಾ ಫಲಕಕ್ಕೆ ಏರುತ್ತದೆ. ಸೋತದ್ದು ಅಷ್ಟೂ ಆಗುವುದಿಲ್ಲ.

ಗಡಿ ಬದಲಾದರೆ ಎದುರಾಳಿಯೂ ಬದಲು

ಈ ಹುಡುಗರು ಯಾವ ದಿಕ್ಕಿಗೆ ಬಸ್ಸು ಹತ್ತಬೇಕೆಂಬುದನ್ನು ಗೊತ್ತುಮಾಡುವುದು ವಿಶ್ವವಿದ್ಯಾಲಯದ ಗಡಿರೇಖೆ. ಆ ರೇಖೆ ಈ ಸೀಮೆಯಲ್ಲಿ ಹಲವು ಸಲ ಬದಲಾಗಿದೆ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯವೇ ಬಹುಕಾಲ ಶಿವಮೊಗ್ಗ ಮತ್ತು ಚಿತ್ರದುರ್ಗ ಜಿಲ್ಲೆಗಳ ಕಾಲೇಜುಗಳಿಗೂ ವಿಶ್ವವಿದ್ಯಾಲಯವಾಗಿತ್ತು. ಬಸವಾಪಟ್ಟಣದಿಂದ ಮೈಸೂರಿಗೆ 250 ಕಿಲೋಮೀಟರಿಗೂ ಹೆಚ್ಚು ದೂರ. 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂದಾಗ ಆ ದಾರಿ ಎಷ್ಟೋ ಚಿಕ್ಕದಾಯಿತು. ಶಿವಮೊಗ್ಗ, ಚಿಕ್ಕಮಗಳೂರು, ಚಿತ್ರದುರ್ಗ ಜಿಲ್ಲೆಗಳು ಅದರ ವ್ಯಾಪ್ತಿಗೆ ಸೇರಿದವು.

ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಆಗ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. 1997ರ ಆಗಸ್ಟ್ 15ರಂದು ದಾವಣಗೆರೆ ಹೊಸ ಜಿಲ್ಲೆಯಾದಾಗ ಮೂರೂ ಅದರೊಳಗೆ ಬಂದವು. 2009ರಲ್ಲಿ ದಾವಣಗೆರೆಗೇ ವಿಶ್ವವಿದ್ಯಾಲಯ ಬಂತು. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಕಾಲೇಜುಗಳು ಅದಕ್ಕೆ ಸೇರಿದವು.

ಆಡಳಿತಗಾರರಿಗೆ ಇದು ಕಡತದ ವಿಷಯ. ಆಟಗಾರನಿಗೆ ಎದುರಾಳಿಯೇ ಬದಲಾದ ವಿಷಯ. ಕುವೆಂಪು ವಿಶ್ವವಿದ್ಯಾಲಯದ ಕಾಲದಲ್ಲಿ ಚನ್ನಗಿರಿಯ ಹುಡುಗ ಮಲೆನಾಡಿನ ತೀರ್ಥಹಳ್ಳಿ, ಕೊಪ್ಪದ ಕಡೆಯ ತಂಡಗಳನ್ನೂ ಎದುರಿಸಬೇಕಾಗುತ್ತಿತ್ತು. ಅವನ ತಮ್ಮನ ಕಾಲಕ್ಕೆ ಎದುರಾಳಿಗಳು ಬಯಲುಸೀಮೆಯ ಚಳ್ಳಕೆರೆ, ಮೊಳಕಾಲ್ಮುರಿನವರು. ಅಣ್ಣ ಕಾಡು, ಘಟ್ಟ ಕಂಡು ಬಂದರೆ ತಮ್ಮ ಕಲ್ಲುಬಂಡೆಯ ಬೆಟ್ಟಗಳನ್ನು ಕಂಡು ಬರುತ್ತಾನೆ. ಗಡಿ ಕದಲುವುದು ಬಸವಾಪಟ್ಟಣಕ್ಕೆ ಹೊಸದೇನಲ್ಲ. ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಸೈನ್ಯಕ್ಕೆ ಕೋಟೆ ಕಳೆದುಕೊಂಡ ಇಲ್ಲಿನ ಪಾಳೆಯಗಾರರು ಕೊನೆಗೆ ತರೀಕೆರೆಯಲ್ಲಿ ನೆಲೆ ನಿಂತರು.

ಕ್ರೂಸರ್‌ನ ಲೆಕ್ಕ

ಗ್ರಾಮೀಣ ಕಾಲೇಜುಗಳಲ್ಲಿ ಕಬಡ್ಡಿ, ಕೊಕ್ಕೊ, ವಾಲಿಬಾಲ್ ಹೆಚ್ಚು, ಫುಟ್‌ಬಾಲ್ ಕಡಿಮೆ ಏಕೆ? ಫುಟ್‌ಬಾಲ್‌ಗೆ ನೂರು ಮೀಟರ್ ಉದ್ದದ ಸಮತಟ್ಟಾದ ಮೈದಾನ ಬೇಕು, ಕಬಡ್ಡಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲದ ಜಾಗ ಸಾಕು ಎಂಬುದು ಒಂದು ಉತ್ತರ. ಇನ್ನೊಂದು ಉತ್ತರ ವಾಹನದಲ್ಲಿದೆ. ಕಬಡ್ಡಿಯಲ್ಲಿ ಕಣದೊಳಗೆ ಏಳು ಮಂದಿ, ಹೊರಗೆ ಐದು ಮಂದಿ, ಒಟ್ಟು ಹನ್ನೆರಡು. ವಾಲಿಬಾಲ್ ತಂಡವೂ ಹನ್ನೆರಡರದೇ. ಮೇಷ್ಟ್ರೂ ಸೇರಿದಂತೆ ಇಷ್ಟು ಮಂದಿ ಬಾಡಿಗೆಯ ಒಂದು ಕ್ರೂಸರ್‌ನಲ್ಲಿ ಹಿಡಿಸುತ್ತಾರೆ. ಫುಟ್‌ಬಾಲ್‌ಗೆ ಹನ್ನೊಂದು ಮಂದಿಯ ಜೊತೆ ಬದಲಿ ಆಟಗಾರರನ್ನೂ ಒಯ್ಯಬೇಕು. ಒಂದು ಕ್ರೂಸರ್ ಸಾಲದು, ಎರಡು ಮಾಡಿದರೆ ಹಣ ಸಾಲದು.

ಹಣ ಬರುವುದು ಮುಖ್ಯವಾಗಿ ವಿದ್ಯಾರ್ಥಿಗಳು ಪ್ರವೇಶದ ಹೊತ್ತಿಗೆ ಕಟ್ಟುವ ಕ್ರೀಡಾ ಶುಲ್ಕದಿಂದ. ವಿದ್ಯಾರ್ಥಿಗಳು ಕಡಿಮೆಯಿರುವ ಕಾಲೇಜಿಗೆ ಶುಲ್ಕವೂ ಕಡಿಮೆ. ಆದರೆ ಬಸ್ಸಿನ ದರ ಎಲ್ಲರಿಗೂ ಒಂದೇ. ನಗರದ ದೊಡ್ಡ ಕಾಲೇಜಿನ ಎದುರು ತಾಲ್ಲೂಕಿನ ಸಣ್ಣ ಕಾಲೇಜು ಅಂಗಳಕ್ಕೆ ಇಳಿಯುವ ಮೊದಲೇ ಹಿಂದೆ ಬೀಳುವುದು ಹೀಗೆ. ದೂರದ ಪಂದ್ಯಾವಳಿಗಳಿಗೆ ಹೋಗುವ ಕ್ರೀಡಾಪಟುಗಳಿಗೆ ರೈಲ್ವೆ ಬಹುಕಾಲ ರಿಯಾಯಿತಿ ಕೊಡುತ್ತಿತ್ತು. 2020ರ ಮಾರ್ಚ್‌ನಲ್ಲಿ ಕೋವಿಡ್ ಹರಡತೊಡಗಿದಾಗ ವಿದ್ಯಾರ್ಥಿಗಳು, ರೋಗಿಗಳು ಮತ್ತು ಅಂಗವಿಕಲರ ರಿಯಾಯಿತಿಗಳನ್ನು ಉಳಿಸಿ ಮಿಕ್ಕವನ್ನು ನಿಲ್ಲಿಸಿತು.

ಊರಿನಲ್ಲೇ ಉಳಿಯುವವರು

ಭದ್ರಾ ನಾಲೆಯ ನೀರು ಬಂದ ಮೇಲೆ ಈ ಸೀಮೆಯಲ್ಲಿ ಭತ್ತವೂ ಅಡಿಕೆಯೂ ಬೆಳೆದವು. ಮಳೆಗಾಲ ಹಿಂದೆ ಸರಿಯುವಾಗ ಅಡಿಕೆ ಕೊಯ್ಲು ಶುರುವಾಗಿ ತಿಂಗಳುಗಟ್ಟಲೆ ನಡೆಯುತ್ತದೆ. ಕೊನೆ ಇಳಿಸಬೇಕು, ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಕಾಲೇಜುಗಳ ಆಟದ ಹಂಗಾಮೂ ಹೆಚ್ಚುಕಡಿಮೆ ಇದೇ ತಿಂಗಳುಗಳಲ್ಲಿ ಬರುತ್ತದೆ. ಸ್ವಂತ ತೋಟವಿದ್ದರೆ ಮನೆಯಲ್ಲಿ ಆಳು ಬೇಕು, ಇಲ್ಲದಿದ್ದರೆ ಬೇರೆಯವರ ತೋಟದಲ್ಲಿ ಸಿಗುವ ಕೂಲಿ ಬೇಕು. ಎರಡು ದಿನದ ಪಂದ್ಯವೆಂದರೆ ಎರಡು ದಿನದ ಕೂಲಿ ಹೋದಂತೆ ಎಂದು ಅಪ್ಪ ಲೆಕ್ಕ ಹಾಕಿದರೆ ಅದನ್ನು ತಪ್ಪೆನ್ನಲು ಬಾರದು.

ಹುಡುಗಿಯರಿಗೆ ಇನ್ನೊಂದು ಗೇಟು ದಾಟುವುದಿದೆ. "ರಾತ್ರಿ ಎಷ್ಟೊತ್ತಿಗೆ ಬರ್ತೀಯವ್ವಾ? ಜೊತೆಗೆ ಮೇಡಂ ಬರ್ತಾರಾ?" ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗದೆ ಮನೆಯವರು ಕಳಿಸುವುದಿಲ್ಲ. ಜೊತೆಗೆ ಹೋಗಲು ಅಧ್ಯಾಪಕಿಯೊಬ್ಬರು ಒಪ್ಪದಿದ್ದರೆ ತಂಡವೇ ಹೊರಡುವುದಿಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚು ತಪ್ಪಿತು. ವಿದ್ಯಾರ್ಥಿನಿಯರ ತಂಡಗಳಿಗೆ ಇದು ಸಣ್ಣ ಸಹಾಯವೇನಲ್ಲ. ಆದರೆ ಮಧ್ಯ ಕರ್ನಾಟಕದ ಎಷ್ಟೋ ಹಳ್ಳಿ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸುಗಳು. ಅಲ್ಲಿ ಈ ಯೋಜನೆ ಅನ್ವಯಿಸುವುದಿಲ್ಲ.

ಪರಊರಿನ ನೆಲ

ಹೇಗೋ ತಲುಪಿದರೂ ಪರಊರಿನ ಪಂದ್ಯ ಕಷ್ಟವೇ. ಪ್ರಯಾಣದ ದಣಿವು, ಪರಿಚಯವಿಲ್ಲದ ಅಂಗಳ, ಎದುರಾಳಿಗೆ ಚಪ್ಪಾಳೆ ತಟ್ಟುವ ಜನ, ಆ ಜನರ ಕೂಗಿಗೆ ಅರಿವಿಲ್ಲದೆ ಮಣಿಯುವ ತೀರ್ಪುಗಾರ ಎಂದು ಬಲ್ಲವರು ನಾಲ್ಕು ಕಾರಣ ಕೊಡುತ್ತಾರೆ. 2020ರ ಮೇ ತಿಂಗಳಲ್ಲಿ ಜರ್ಮನಿಯ ಫುಟ್‌ಬಾಲ್ ಲೀಗ್ ಖಾಲಿ ಕ್ರೀಡಾಂಗಣಗಳಲ್ಲಿ ಮತ್ತೆ ಶುರುವಾದಾಗ ತವರು ತಂಡಗಳ ಗೆಲುವು ಗಣನೀಯವಾಗಿ ಇಳಿದಿತ್ತು. ಜನರ ಕೂಗಿಗೆ ಎಷ್ಟು ಬಲವಿದೆ ಎಂಬುದು ಜನರೇ ಇಲ್ಲದಾಗ ತಿಳಿಯಿತು.

ಹಳ್ಳಿಯ ಕಬಡ್ಡಿ ಆಟಗಾರನಿಗೆ ಐದನೆಯ ಕಾರಣವೂ ಇದೆ. ಅವನು ಕಲಿತದ್ದು ಮಣ್ಣಿನ ಅಂಗಳದಲ್ಲಿ, ಬರಿಗಾಲಿನಲ್ಲಿ. ಮೇಲಿನ ಹಂತದ ಪಂದ್ಯಗಳು ನಡೆಯುವುದು ಮ್ಯಾಟ್ ಮೇಲೆ, ಬೂಟು ಹಾಕಿಕೊಂಡು. ಮಣ್ಣಿನಲ್ಲಿ ಕಾಲು ಜಾರಿಸಿ ತಪ್ಪಿಸಿಕೊಳ್ಳುವ ಚಾತುರ್ಯ ಮ್ಯಾಟ್ ಮೇಲೆ ಕೆಲಸಕ್ಕೆ ಬಾರದು, ಅಲ್ಲಿ ಕಾಲು ಕಚ್ಚಿಕೊಳ್ಳುತ್ತದೆ. ಮ್ಯಾಟ್ ಮೇಲೆ ಅಭ್ಯಾಸವೇ ಇಲ್ಲದವನಿಗೆ ಪಂದ್ಯವೇ ಮೊದಲ ಪಾಠ.

ದೂರ ಹೋದವರು

ಇಷ್ಟಾದರೂ ತಂಡಗಳು ಹೋಗುವುದನ್ನು ಬಿಟ್ಟಿಲ್ಲ. ಕನ್ನಡ ನಾಡಿನ ಫುಟ್‌ಬಾಲ್ ಚರಿತ್ರೆಯ ಎರಡು ದೊಡ್ಡ ಗೆಲುವುಗಳು ಪರಊರಿನಲ್ಲೇ ಆದವು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದಿತು. ಬ್ರಿಟಿಷ್ ಸೇನಾ ತಂಡಗಳದೇ ಸೊತ್ತಾಗಿದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಅದು. ಮರುವರ್ಷವೂ ಅದೇ ಗೆದ್ದಿತು. 2023ರ ಮಾರ್ಚ್ 4ರಂದು ಕರ್ನಾಟಕ ತಂಡ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಪಡೆಯಿತು. 54 ವರ್ಷಗಳ ಬಳಿಕ ಬಂದ ಆ ಗೆಲುವು ಕಡಲಾಚೆ ನಡೆದ ಫೈನಲ್‌ನಲ್ಲಿ ಬಂತು.

ಬಸವಾಪಟ್ಟಣದ ಸುತ್ತಿನ ಹುಡುಗರು, ಹುಡುಗಿಯರಿಗೆ ರಿಯಾದ್ ಬಹಳ ದೂರ. ಆದರೆ ಊರಿನಲ್ಲಿ ಎಲ್ಲರನ್ನೂ ಸೋಲಿಸುವವನು ನಿಜಕ್ಕೂ ಎಷ್ಟರವನೆಂದು ತಿಳಿಯುವುದು ಪಕ್ಕದ ಜಿಲ್ಲೆಯವನ ಎದುರು ನಿಂತಾಗಲೇ. ಎಷ್ಟೋ ಮಂದಿಗೆ ತಮ್ಮ ತಾಲ್ಲೂಕಿನ ಆಚೆ ರಾತ್ರಿ ತಂಗಿದ ಮೊದಲ ಅನುಭವವೂ ಇದೇ. ಇದಕ್ಕೆ ದೊಡ್ಡ ಯೋಜನೆಗಳು ಬೇಕಿಲ್ಲ. ವರ್ಷದ ಆರಂಭದಲ್ಲೇ ಪ್ರಯಾಣದ ಹಣ ತೆಗೆದಿಟ್ಟರೆ, ಹುಡುಗಿಯರ ಜೊತೆ ಹೋಗುವ ಅಧ್ಯಾಪಕಿಯನ್ನು ಮೊದಲೇ ಗೊತ್ತುಮಾಡಿದರೆ, ಪಂದ್ಯಾವಳಿಗಳನ್ನು ಸರದಿಯಂತೆ ಸಣ್ಣ ತಾಲ್ಲೂಕುಗಳ ಕಾಲೇಜುಗಳಿಗೂ ಕೊಟ್ಟರೆ ಅರ್ಧ ತೊಡಕು ಬಿಡಿಸಿದಂತೆ. ಆಗ ವರ್ಷಕ್ಕೊಮ್ಮೆಯಾದರೂ ನಗರದ ತಂಡ ಹಳ್ಳಿಯ ದಾರಿ ಹಿಡಿದು ಬರುತ್ತದೆ. ಅಡಿಕೆ ಸುಲಿಯುವುದನ್ನು ಒಂದು ಗಳಿಗೆ ನಿಲ್ಲಿಸಿ ಬಂದ ಅಪ್ಪ, ಮಗ ಆಡುವುದನ್ನು ಮೊದಲ ಸಲ ಕಣ್ಣಾರೆ ನೋಡುತ್ತಾನೆ.