ಗಮ್ ಚೀಟಿ, ಟ್ರಂಪ್ ಕಾರ್ಡು ಮತ್ತು ಅದರ ಮೇಲಿನ ಆಟಗಾರ

ಒಂದು ಬದಿಗೆ ಆಟಗಾರನ ಚಿತ್ರ, ಇನ್ನೊಂದು ಬದಿಗೆ ಅವನ ಆಟದ ಲೆಕ್ಕ: ಅಂಗೈಯಲ್ಲಿ ಅಡಗುವ ಇಷ್ಟು ರಟ್ಟಿನ ತುಂಡೇ ಕ್ರೀಡಾ ಕಾರ್ಡು. ಅಮೆರಿಕದಲ್ಲಿ ಅದು ಬೇಸ್‌ಬಾಲ್‌ನದು, ನಮ್ಮಲ್ಲಿ ಕ್ರಿಕೆಟ್‌ನದು. ಅಲ್ಲಿ ಅದು ಹರಾಜಿನ ಸರಕು. ಬೀದರ ಜಿಲ್ಲೆಯ ಹುಮನಾಬಾದ್, ಬಸವಕಲ್ಯಾಣ ಸೀಮೆಯ ಹುಡಗಿಯಂಥ ಊರುಗಳಲ್ಲಿ ಅದು ಬೇಸಿಗೆ ರಜೆಯ ಆಟದ ಸಾಮಾನು. ಜೋಪಾನ ಮಾಡುವ ವಸ್ತು ಎಂದು ಯಾರೂ ನೋಡಲಿಲ್ಲ.

ಕಾರ್ಡಿನ ಹುಟ್ಟು ಸಿಗರೇಟು ಪೊಟ್ಟಣದಲ್ಲಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪೊಟ್ಟಣಗಳು ತೆಳು ಕಾಗದದವು. ಸಿಗರೇಟು ಮುರಿಯದಿರಲೆಂದು ಒಳಗೆ ರಟ್ಟು ಇಡುತ್ತಿದ್ದರು. ಆಮೇಲೆ ಆ ಖಾಲಿ ರಟ್ಟಿನ ಮೇಲೆ ಚಿತ್ರ ಬಂತು. ಇಂಗ್ಲೆಂಡಿನ ವಿಲ್ಸ್ ಕಂಪನಿ 1896ರಲ್ಲಿ 50 ಕ್ರಿಕೆಟಿಗರ ಸರಣಿ ಹೊರತಂದಿತು. ರಣಜಿತ್‌ಸಿಂಹಜಿಯಂಥ ಭಾರತೀಯರೂ ಮುಂದೆ ಇಂಗ್ಲಿಷ್ ಸಿಗರೇಟು ಕಾರ್ಡುಗಳಲ್ಲಿ ಕಾಣಿಸಿಕೊಂಡರು. ಸರಿಯಾಗಿ ನೂರು ವರ್ಷದ ಬಳಿಕ, 1996ರಲ್ಲಿ, ಅದೇ ವಿಲ್ಸ್ ಹೆಸರಿನ ವಿಶ್ವಕಪ್ ನಡೆಯಿತು. ಬೆಂಗಳೂರಿನ ಕ್ವಾರ್ಟರ್ ಫೈನಲ್‌ನಲ್ಲಿ ವೆಂಕಟೇಶ್ ಪ್ರಸಾದ್ ಪಾಕಿಸ್ತಾನದ ಆಮಿರ್ ಸೊಹೈಲ್‌ನ ವಿಕೆಟ್ ಹಾರಿಸಿದ್ದು ಆ ಟೂರ್ನಿಯಲ್ಲೇ.

ಬೇಸ್‌ಬಾಲ್ ಕಾರ್ಡುಗಳ ಕಥೆ ಇನ್ನೂ ವಿಚಿತ್ರ. 1909ರಿಂದ 1911ರವರೆಗೆ ಬಂದ ತಂಬಾಕು ಸರಣಿಯೊಂದರಲ್ಲಿ ಹೋನಸ್ ವ್ಯಾಗ್ನರ್ ಕಾರ್ಡಿನ ಅಚ್ಚು ಬೇಗ ನಿಂತಿತು. ಮಕ್ಕಳು ಕಾರ್ಡಿಗಾಗಿ ಸಿಗರೇಟು ಕೊಳ್ಳುವುದು ಅವರಿಗೆ ಬೇಡವಾಗಿತ್ತು ಎಂದು ಕೆಲವರು, ತಕ್ಕ ಹಣ ಸಿಗಲಿಲ್ಲ ಎಂದು ಕೆಲವರು ಹೇಳುತ್ತಾರೆ. 1952ರ ಟಾಪ್ಸ್ ಸರಣಿಯ ಮಾರಾಟವಾಗದ ಕಾರ್ಡುಗಳನ್ನು ಕಂಪನಿಯ ಸೈ ಬರ್ಗರ್ 1960ರಲ್ಲಿ ದೋಣಿಗೆ ಹೇರಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದರಂತೆ. ಆ ಸರಣಿಯ ಮಿಕಿ ಮ್ಯಾಂಟಲ್ ಕಾರ್ಡೊಂದು 2022ರಲ್ಲಿ 1.26 ಕೋಟಿ ಡಾಲರಿಗೆ ಹೋಯಿತು. ಕಸ ಎಂದು ಎಸೆದದ್ದರಿಂದಲೇ ಉಳಿದದ್ದಕ್ಕೆ ಬೆಲೆ ಬಂದದ್ದು.

ನಮ್ಮ ಕಡೆ ಕಾರ್ಡು ಬಂದದ್ದು ಬಬಲ್ ಗಮ್ ಜೊತೆ. 1987ರ ವಿಶ್ವಕಪ್ಪಿನ ಆಸುಪಾಸಿನಲ್ಲಿ ಬಿಗ್ ಫನ್ ಗಮ್ ಬಿಚ್ಚಿದರೆ ಕ್ರಿಕೆಟಿಗನ ಚಿತ್ರದ ಚೀಟಿ ಸಿಗುತ್ತಿತ್ತು. ಅದರಲ್ಲಿ ಇಷ್ಟು ರನ್ ಅಥವಾ ವಿಕೆಟ್ ಎಂದು ಅಚ್ಚಾಗಿರುತ್ತಿತ್ತು. ನಿಗದಿಯಾದಷ್ಟು ಕೂಡಿಸಿ ಕೊಟ್ಟರೆ, ಹಾಳೆ ಸರ್ರನೆ ತಿರುವಿದಾಗ ಬ್ಯಾಟ್ಸ್‌ಮನ್ ಹೊಡೆತ ಆಡಿದಂತೆ ಕಾಣುವ ಪುಟಾಣಿ ಪುಸ್ತಕ. ಹೀಗಾಗಿ ಚೀಟಿ ಅಂಗಡಿಗೇ ವಾಪಸಾಯಿತು. ಇಂದು ಅದು ಅಪರೂಪವಾಗಲು ದೊಡ್ಡ ಕಾರಣ ಇದೇ. 1999ರ ವಿಶ್ವಕಪ್ ಹೊತ್ತಿಗೆ ಬ್ರಿಟಾನಿಯಾ ಬಿಸ್ಕತ್ತು ಹೊದಿಕೆಗಳ ರನ್ನುಗಳೂ ಇದೇ ದಾರಿ ಹಿಡಿದವು.

ನಮ್ಮ ಕಡೆಯ ಎರಡನೆಯ ಬಗೆ ಟ್ರಂಪ್ ಕಾರ್ಡು. ಕಟ್ಟನ್ನು ಸಮ ಹಂಚಿಕೊಂಡು, ಮೇಲಿನ ಕಾರ್ಡು ನೋಡಿ ಪಂದ್ಯ, ರನ್, ಗರಿಷ್ಠ ಸ್ಕೋರು, ವಿಕೆಟ್, ಇವುಗಳಲ್ಲಿ ಒಂದನ್ನು ಕೂಗಬೇಕು. ದೊಡ್ಡ ಸಂಖ್ಯೆಯವನಿಗೆ ಎದುರಾಳಿಯ ಕಾರ್ಡು. ಬಿ.ಎಸ್. ಚಂದ್ರಶೇಖರ್ ಅವರ ಲೆಕ್ಕವನ್ನು ಇಂಥ ಕಾರ್ಡಿಗೆ ಹಾಕಿದರೆ ಮಜಾ ಇದೆ: 58 ಟೆಸ್ಟ್, 242 ವಿಕೆಟ್, 167 ರನ್. ‘ವಿಕೆಟ್’ ಎಂದವ ಗೆದ್ದ. ‘ರನ್’ ಎಂದವ ಕೆಟ್ಟ. ಆ ವಿಕೆಟ್ಟುಗಳು ಪೋಲಿಯೊ ತಟ್ಟಿದ ಕೈಯಿಂದ ಬಂದವು ಎಂಬುದಕ್ಕೆ ಮಾತ್ರ ಕಾರ್ಡಿನಲ್ಲಿ ಕಾಲಮ್ ಇಲ್ಲ. ಭದ್ರಾವತಿಯ ಜಿ.ಆರ್. ವಿಶ್ವನಾಥ್ ಹೆಸರಿಗೆ 91 ಟೆಸ್ಟ್, 6080 ರನ್. ಕಾನ್ಪುರದಲ್ಲಿ ಆಡಿದ ತಮ್ಮ ಮೊದಲ ಟೆಸ್ಟಿನಲ್ಲಿ ಅವರು ಸೊನ್ನೆಗೆ ಔಟಾಗಿ, ಎರಡನೇ ಇನಿಂಗ್ಸಿನಲ್ಲಿ 137 ಹೊಡೆದರು. 1980ರ ಮುಂಬೈ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ನಾಯಕರಾಗಿ, ಅಂಪೈರ್ ಔಟ್ ಕೊಟ್ಟ ಬಾಬ್ ಟೇಲರ್‌ರನ್ನು ಮರಳಿ ಕರೆದರು, ಪಂದ್ಯ ಸೋತರು. ಒಳ್ಳೆಯ ಸಂಗ್ರಾಹಕ ಕಾರ್ಡಿನಲ್ಲಿಲ್ಲದ ಇಂಥದ್ದನ್ನು ಬಲ್ಲವನು. 1983ರ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಕಿತ್ತವರು ರೋಜರ್ ಬಿನ್ನಿ ಎಂಬುದನ್ನೂ.

2010ರ ದಶಕದಲ್ಲಿ ಟಾಪ್ಸ್ ಕಂಪನಿಯ ಕ್ರಿಕೆಟ್ ಅಟ್ಯಾಕ್ಸ್ ಬಂದ ಮೇಲೆ ಐಪಿಎಲ್ ಆಟಗಾರರ ಹೊಳೆಯುವ ಕಾರ್ಡುಗಳು ಪೇಟೆಗೆ ಬಂದವು. ಇವು ಸಂಗ್ರಹಕ್ಕೆಂದೇ ಅಚ್ಚಾದವು, ಆದ್ದರಿಂದ ಬೇಕಾದಷ್ಟು ಉಳಿಯುತ್ತವೆ. ಬೆಲೆಯ ಆಸೆಯಿಂದ ಕೂಡಿಡುವುದರಲ್ಲಿ ಹುರುಳಿಲ್ಲ.

ಕಾರ್ಡಿನ ಬೆಲೆ ಕಟ್ಟುವವರು ಮೊದಲು ನೋಡುವುದು ಮೂಲೆಗಳನ್ನು, ಆಮೇಲೆ ಅಂಚು, ಮೇಲ್ಮೈ, ಚಿತ್ರ ನಡುವಿಗೆ ಕೂತಿದೆಯೇ ಎಂಬುದನ್ನು. ಹಳೆಯ ಕಾರ್ಡಿನ ನಕಲಿ ಹಿಡಿಯಲು ನೇರಳಾತೀತ ಟಾರ್ಚು ನೆರವಾಗುತ್ತದೆ: ಹೊಸ ಕಾಗದಕ್ಕೆ ಬೆರೆಸಿದ ಬಿಳುಪು ರಾಸಾಯನಿಕ ನೀಲಿಯಾಗಿ ಹೊಳೆಯುತ್ತದೆ, ಇಪ್ಪತ್ತನೇ ಶತಮಾನದ ಆರಂಭದ ಕಾಗದ ಹೊಳೆಯುವುದಿಲ್ಲ. ಬೀದರ ಜಿಲ್ಲೆಯ ಬಿಸಿಲಿನಲ್ಲಿ ಕಾರ್ಡಿನ ಮೊದಲ ವೈರಿ ರಬ್ಬರ್ ಬ್ಯಾಂಡು. ಒಂದೆರಡು ಬೇಸಿಗೆಯಲ್ಲಿ ಅದು ಕರಗಿ, ಮೇಲಿನ ಕಾರ್ಡಿಗೆ ಕಂದು ಗೆರೆಯಾಗಿ ಅಂಟಿ, ಎಳೆದರೆ ಚಿತ್ರವನ್ನೇ ಕಿತ್ತುಕೊಂಡು ಬರುತ್ತದೆ. ಅಂಟು ಹಚ್ಚಿ ನೋಟ್‌ಬುಕ್ಕಿಗೆ ಮೆತ್ತಿದ್ದೂ ಹಿಂಬದಿಯ ಲೆಕ್ಕವನ್ನು ಶಾಶ್ವತವಾಗಿ ಮುಚ್ಚುತ್ತದೆ. ಕಾರ್ಡು ಇಟ್ಟ ಟ್ರಂಕನ್ನು ಗೋಡೆಗೆ ತಾಗಿಸಿಟ್ಟರೆ ಮಳೆಗಾಲದ ತೇವ, ಗೆದ್ದಲು ಎರಡೂ ಗ್ಯಾರಂಟಿ.

ಮನೆಯಲ್ಲಿ ಇಂಥ ಕಾರ್ಡು, ಚೀಟಿ ಸಿಕ್ಕವರು ರದ್ದಿಗೆ ಹಾಕುವ ಮುಂಚೆ ಬ್ಯಾಂಡು ಬಿಚ್ಚಿ, ಒಂದೊಂದನ್ನೂ ಪ್ಲಾಸ್ಟಿಕ್ ಲಕೋಟೆಗೆ ಸೇರಿಸಿಡಲಿ. ಯಾವ ಗಮ್ಮಿನದು, ಯಾವ ವರ್ಷದ್ದು ಎಂಬುದನ್ನು ನೆನಪಿರುವ ಹಿರಿಯರಿಂದ ಕೇಳಿ ಬೇರೆ ಚೀಟಿಯಲ್ಲಿ ಬರೆದಿಡಲಿ, ಕಾರ್ಡಿನ ಮೇಲಲ್ಲ.