ಮುಂದಿನ ವಾರ ಯಾವ ಕಡೆಗಿದೆ?

ಪಾಲಕೋಡಿನ ಟೊಮೇಟೊ ಮಂಡಿಯಲ್ಲಿ ಬೆಳಗಿನ ಹೊತ್ತು ಮಾತಿಗೆ ಬಿಡುವಿರುವುದಿಲ್ಲ. ಒಂದು ಕಡೆ ಕ್ರೇಟು ಇಳಿಸುವವರು, ಇನ್ನೊಂದು ಕಡೆ ಲಾರಿಗೆ ಏರಿಸುವವರು, ನಡುವೆ ದರ ಕೂಗುವವರು. ಅಲ್ಲಿ ಒಮ್ಮೆ ಸೋದರಮಾವನ ಪಕ್ಕ ನಿಂತಿದ್ದೆ. ದಲ್ಲಾಳಿ ತಮಿಳಿನಲ್ಲಿ, ‘ಮುಂದಿನ ವಾರ ರೇಟ್ ದಾನ್’ ಅಂದರು. ಮುಂದಿನ ವಾರದ ದರವೇ ಅಂತೆ. ನನಗೆ ಆಶ್ಚರ್ಯ.

‘ಮುಂದಿನ ವಾರದ ರೇಟು ಇವರಿಗೆ ಈಗಲೇ ಹೆಂಗೆ ಗೊತ್ತು ಮಾಮ?’

ಮಾಮ ಕ್ರೇಟು ಎಣಿಸುವುದನ್ನು ನಿಲ್ಲಿಸದೆ ಹೇಳಿದರು: ‘ಅದು ಆಗಿಹೋದ ವಾರ ಕಣಪ್ಪ. ತಮಿಳಲ್ಲಿ ಮುಂದಿನ ವಾರ ಅಂದ್ರೆ ಹಿಂದಿನ ವಾರ.’

ಎಣಿಕೆ ಮುಗಿಸಿ, ಪಕ್ಕದ ತೋಟದವರ ಕಡೆ ತಿರುಗಿ ಕನ್ನಡದಲ್ಲಿ, ‘ಮುಂದಿನ ವಾರ ಇನ್ನೊಂದು ಬಿಡಿಸು ಬರುತ್ತೆ’ ಅಂದರು. ಈ ಸಲ ಅದು ಬರಲಿರುವ ವಾರವೇ. ಒಂದೇ ಮಂಡಿ, ಒಂದೇ ಶಬ್ದ. ನಿಮಿಷದೊಳಗೆ ಅದು ಒಮ್ಮೆ ಕಳೆದ ವಾರದ ಕಡೆಗೆ, ಒಮ್ಮೆ ಬರುವ ವಾರದ ಕಡೆಗೆ ಕೈ ತೋರಿತ್ತು. ಮಾಮನಿಗೆ ಅದರಲ್ಲಿ ಯಾವ ವಿಶೇಷವೂ ಕಂಡಿರಲಿಲ್ಲ. ನನ್ನ ತಲೆಯಿಂದ ಮಾತ್ರ ಅದು ಇವತ್ತಿಗೂ ಇಳಿದಿಲ್ಲ.

ಪಾಲಕೋಡ್ ಇರುವುದು ಧರ್ಮಪುರಿ ಜಿಲ್ಲೆಯಲ್ಲಿ. 1965ರವರೆಗೆ ಇದೆಲ್ಲ ಸೇಲಂ ಜಿಲ್ಲೆಯೇ. ಹೊಸೂರಿನಿಂದ ಧರ್ಮಪುರಿಗೆ ಹೋಗುವ ರೈಲು ರಾಯಕೋಟೆ, ಮಾರಂಡಹಳ್ಳಿ ದಾಟಿ ಇಲ್ಲಿ ನಿಲ್ಲುತ್ತದೆ. ಮಾರಂಡಹಳ್ಳಿಯ ‘ಹಳ್ಳಿ’, ಹೊಗೆನಕಲ್ಲಿನ ‘ಹೊಗೆ’ ಈ ಸೀಮೆಯಲ್ಲಿ ಕನ್ನಡ ಎಷ್ಟು ಆಳಕ್ಕೆ ಬೇರು ಬಿಟ್ಟಿದೆಯೆಂದು ಹೇಳುತ್ತವೆ. ಮನೆಯಲ್ಲಿ ಕನ್ನಡ ಅಥವಾ ತೆಲುಗು, ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ಮೂರೂ. ಭಾಷೆ ಕಾಲವನ್ನು ಹೇಗೆ ಕಾಣಿಸುತ್ತದೆ ಎಂಬ ಪ್ರಶ್ನೆಯ ಬೆನ್ನು ಹತ್ತಿ ವಿಜ್ಞಾನಿಗಳು ಆಂಡೀಸ್ ಪರ್ವತಕ್ಕೂ ಆಸ್ಟ್ರೇಲಿಯಾದ ಉತ್ತರ ತುದಿಗೂ ಹೋಗಿದ್ದಾರೆ. ಆ ಪ್ರಶ್ನೆಗೆ ಈ ಮಂಡಿ ಅಷ್ಟೇ ಒಳ್ಳೆಯ ಪ್ರಯೋಗಶಾಲೆ ಎಂಬುದು ನನ್ನ ನಂಬಿಕೆ.

ಮೊದಲು ಆ ಶಬ್ದವನ್ನೇ ಬಿಡಿಸೋಣ. ಕನ್ನಡದ ‘ಮುನ್’, ತಮಿಳಿನ ‘ಮುನ್’ ಒಂದೇ ಬೇರು. ಅರ್ಥ ಎದುರು, ಮುಂಭಾಗ. ತಮಿಳಿನ ‘ಪಿನ್’ ನಮ್ಮಲ್ಲಿ ‘ಹಿನ್’ ಆಗಿದೆ. ಹಳಗನ್ನಡದ ಪಕಾರ ಹಕಾರವಾಗಿ ಪಾಲು ಹಾಲಾದ, ಪೂವು ಹೂವಾದ ಹಾಗೆ ‘ಪಿಂದೆ’ ಎಂಬುದು ‘ಹಿಂದೆ’ ಆಯಿತು. ಬೇರು ಒಂದಾದರೂ ತಮಿಳಿನ ‘ಮುಂದಿನ’ ಕಳೆದದ್ದನ್ನೂ ಕನ್ನಡದ ‘ಮುಂದಿನ’ ಬರುವುದನ್ನೂ ಹೇಳುವುದು ಹೇಗೆ?

ಇದು ಎಲ್ಲಿ ನಿಂತು ನೋಡುತ್ತೇವೆ ಎಂಬುದರ ಮೇಲೆ ನಿಂತಿದೆ. ರಸ್ತೆಯಲ್ಲಿ ನಡೆಯುತ್ತಿದ್ದೀರಿ ಅಂದುಕೊಳ್ಳಿ. ದಾಟಿದ ಊರು ಬೆನ್ನ ಹಿಂದೆ, ತಲುಪಬೇಕಾದ ಊರು ಕಣ್ಣ ಮುಂದೆ. ಕಾಲವನ್ನು ಹೀಗೆ ನಡೆದರೆ ಬರುವ ವಾರ ಮುಂದಿನ ವಾರವೇ. ಈಗ ರಸ್ತೆ ಬಿಟ್ಟು ರೇಷನ್ ಅಂಗಡಿಯ ಸಾಲು ನೋಡಿ. ಸಾಲಿನಲ್ಲಿ ಮುಂದಿರುವವರು ಮೊದಲು ಬಂದವರು, ಹಿಂದಿರುವವರು ಆಮೇಲೆ ಬಂದವರು. ದಿನಗಳನ್ನೂ ಹೀಗೆ ಸಾಲು ನಿಲ್ಲಿಸಿದರೆ ಮೊದಲು ಬಂದುಹೋದ ವಾರವೇ ಸಾಲಿನ ಮುಂದಿನದು. ಕನ್ನಡದ ‘ಮುಂದಿನ ವಾರ’ ದಾರಿಹೋಕನ ಮಾತು, ತಮಿಳಿನದು ಸಾಲು ನೋಡುವವನ ಮಾತು.

ಹಾಗೆಂದು ಕನ್ನಡಕ್ಕೆ ಸಾಲಿನ ಲೆಕ್ಕ ಗೊತ್ತಿಲ್ಲವೆನ್ನಲಾಗದು. ಮುಂಗಾರು ಮೊದಲು ಬರುವ ಮಳೆ, ಹಿಂಗಾರು ಆಮೇಲೆ ಬರುವ ಮಳೆ. ನೈಋತ್ಯದ ಮಳೆಯನ್ನೂ ಅಕ್ಟೋಬರದಿಂದಾಚೆ ಬರುವ ಈಶಾನ್ಯದ ಮಳೆಯನ್ನೂ ನೆಚ್ಚಿದ ಧರ್ಮಪುರಿ ಸೀಮೆಯಲ್ಲಿ ಈ ಎರಡು ಪದಗಳಿಗೆ ಹೊಟ್ಟೆಪಾಡಿನ ತೂಕವಿದೆ. ಮುಂಜಾನೆ, ಮುಂಗೋಳಿ, ಮುಂಗಡ ಎಲ್ಲದರಲ್ಲೂ ‘ಮುನ್’ ಅಂದರೆ ಮೊದಲು. ‘ಮದುವೆಗೆ ಮುಂಚೆ’ ಅಂದಾಗ ಮದುವೆ ಇನ್ನೂ ಆಗಿಲ್ಲದ ದಿನಗಳತ್ತ ಹೋಗುತ್ತೇವೆ. ‘ಮದುವೆ ಮುಂದಿದೆ’ ಅಂದಾಗ ಮದುವೆಯೇ ಬರಲಿರುವುದು. ತಮಿಳಿಗೂ ದಾರಿಹೋಕನ ನೋಟ ಹೊಸದಲ್ಲ. ಭವಿಷ್ಯಕ್ಕೆ ಅದು ಹೇಳುವ ‘ಎದಿರ್‌ಕಾಲಂ’ ಎಂಬ ಮಾತಿನಲ್ಲಿ ಕಾಲ ನಮಗೆ ಎದುರಾಗಿಯೇ ಬರುತ್ತದೆ. ಎರಡೂ ಭಾಷೆಗಳಲ್ಲಿ ಎರಡೂ ನೋಟಗಳಿವೆ. ‘ಮುಂದಿನ’ ಎಂಬ ಪದವನ್ನು ಯಾವ ನೋಟಕ್ಕೆ ಕೊಟ್ಟೆವು ಎಂಬಲ್ಲಿ ಮಾತ್ರ ದಾರಿ ಕವಲೊಡೆಯಿತು.

ಇಂಗ್ಲಿಷಿನಲ್ಲಿ ಇದೇ ಕವಲನ್ನು ಹಿಡಿದು ಮಾಡಿದ ಪ್ರಯೋಗವೊಂದು ಮನೋವಿಜ್ಞಾನದಲ್ಲಿ ಪ್ರಸಿದ್ಧ. ಬುಧವಾರದ ಸಭೆಯನ್ನು ಎರಡು ದಿನ ‘ಮುಂದಕ್ಕೆ’ ಸರಿಸಿದ್ದಾರೆ. ಸಭೆ ಈಗ ಯಾವ ದಿನ? ಕೆಲವರು ಸೋಮವಾರ ಅನ್ನುತ್ತಾರೆ, ಕೆಲವರು ಶುಕ್ರವಾರ. ಲೆರಾ ಬೊರೊಡಿಟ್ಸ್ಕಿ ಮತ್ತು ಮೈಕೆಲ್ ರಾಮ್ಸ್ಕಾರ್ 2002ರಲ್ಲಿ ಈ ಪ್ರಶ್ನೆಯನ್ನು ವಿಮಾನ ನಿಲ್ದಾಣದಲ್ಲೂ ರೈಲಿನಲ್ಲೂ ಕೇಳಿದರು. ಆಗಷ್ಟೇ ವಿಮಾನದಿಂದ ಇಳಿದವರು, ಪ್ರಯಾಣದ ಶುರುವಿನಲ್ಲೋ ಕೊನೆಯಲ್ಲೋ ಇದ್ದವರು ಶುಕ್ರವಾರದ ಕಡೆಗೆ ಹೆಚ್ಚು ವಾಲಿದರು. ಮೈ ಪ್ರಯಾಣದಲ್ಲಿದ್ದಾಗ ಮನಸ್ಸು ಕಾಲದೊಳಗೂ ಹೆಜ್ಜೆ ಹಾಕುತ್ತದೆ ಎಂಬುದು ಅವರ ವಿವರಣೆ. ಕನ್ನಡದವರಿಗೆ ಈ ಗೊಂದಲ ಇಷ್ಟಿಲ್ಲ. ‘ಸಭೆ ಮುಂದೂಡಲಾಗಿದೆ’ ಎಂಬ ಚೀಟಿ ಓದಿ ಎರಡು ದಿನ ಮೊದಲೇ ಹೋಗಿ ಕೂತವರನ್ನು ನಾನು ಕಂಡಿಲ್ಲ.

ಕಳೆದದ್ದನ್ನೇ ಕಣ್ಣೆದುರು ಇಟ್ಟುಕೊಂಡವರೂ ಇದ್ದಾರೆ. ಆಂಡೀಸ್ ಪರ್ವತದ ಐಮಾರಾ ಭಾಷೆಯಲ್ಲಿ ‘ನಯ್ರ’ ಅಂದರೆ ಕಣ್ಣು, ಮುಂಭಾಗ; ಗತಕಾಲಕ್ಕೂ ಅದೇ ಪದ. ಬೆನ್ನಿಗೂ ಭವಿಷ್ಯಕ್ಕೂ ‘ಖಿಪ’ ಎಂಬ ಒಂದೇ ಪದ. ಇದು ಬರೀ ನುಡಿಗಟ್ಟೋ ಅಥವಾ ಜನ ನಿಜಕ್ಕೂ ಹಾಗೆ ಯೋಚಿಸುತ್ತಾರೋ? ರಫಾಯೆಲ್ ನೂನ್ಯೆಸ್ ಮತ್ತು ಈವ್ ಸ್ವೀಟ್ಸರ್ ಚಿಲಿಯ ಹಳ್ಳಿಗಳಲ್ಲಿ ಐಮಾರಾ ಜನರ ಮಾತುಕತೆಯ ವಿಡಿಯೊ ಹಿಡಿದು ಕೈಸನ್ನೆಗಳನ್ನು ಗಮನಿಸಿದರು. 2006ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ವಯಸ್ಸಾದವರು ಅಜ್ಜನ ಕಾಲದ ಮಾತು ಬಂದಾಗ ಕೈಯನ್ನು ಮುಂದಕ್ಕೆ ಚಾಚಿದರು, ಬರುವ ದಿನಗಳಿಗೆ ಹೆಗಲ ಮೇಲಿಂದ ಹಿಂದಕ್ಕೆ ತೋರಿದರು. ನೋಡಿದ್ದು ಕಣ್ಣೆದುರಿಗೆ, ನೋಡದ್ದು ಬೆನ್ನ ಹಿಂದೆ. ಮಾತಾಡುವವರು ಕಣ್ಣಾರೆ ಕಂಡದ್ದೋ ಕಿವಿಯಲ್ಲಿ ಕೇಳಿದ್ದೋ ಎಂಬುದನ್ನು ಗುರುತಿಸಿ ಹೇಳುವ ವ್ಯಾಕರಣ ಅವರದು. ಸ್ಪ್ಯಾನಿಷ್ ಚೆನ್ನಾಗಿ ಬಲ್ಲ ಕಿರಿಯರ ಕೈಗಳು ಮಾತ್ರ ಆಗಲೇ ನಮ್ಮ ಹಾಗೆ ತಿರುಗಿದ್ದವು. ಎರಡನೆಯ ಭಾಷೆ ಬಂದು ಮೊದಲನೆಯ ಭಾಷೆಯ ಕೈಯನ್ನು ತಿರುಗಿಸಿಬಿಡುವುದು ನನ್ನ ಮನಸ್ಸಿಗೆ ನೋವು ತಂದ ಸಂಗತಿ. ಪಾಲಕೋಡಿನ ಶಾಲೆಗೆ ಹೋಗುವ ಕನ್ನಡದ ಮಕ್ಕಳ ಕೈ ಹೇಗೆ ಆಡುತ್ತದೆ ಎಂದು ಯಾರಾದರೂ ಕ್ಯಾಮೆರಾ ಹಿಡಿದು ನೋಡಬೇಕು.

ಹಿಂದೆ ಮುಂದೆಗಳನ್ನು ಬಿಟ್ಟು ಕನ್ನಡ ಮೇಲೆ ಕೆಳಗೆ ಕೂಡ ಹೋಗುತ್ತದೆ. ಊಟ ಆದ ಮೇಲೆ, ಆಮೇಲೆ, ಇನ್ನು ಮೇಲೆ. ಹಳಬರ ಬಾಯಲ್ಲಿ ‘ಹತ್ತು ವರ್ಷದ ಕೆಳಗೆ ಬಾವಿ ತೋಡಿಸಿದ್ದು’. ಕಳೆದ ವರ್ಷಗಳು ಬಣವೆಯ ತಳದ ಹುಲ್ಲಿನ ಹಾಗೆ ಅಡಿಗೆ ಬೀಳುತ್ತಾ, ಹೊಸದು ಮೇಲೆ ಒಟ್ಟಿಕೊಳ್ಳುತ್ತಾ ಬರುತ್ತವೆ. ಚೀನೀ ಭಾಷೆಯಲ್ಲಿ ಇದು ತಲೆಕೆಳಗು: ಹೋದ ತಿಂಗಳು ‘ಮೇಲಿನ’ ತಿಂಗಳು, ಬರುವುದು ‘ಕೆಳಗಿನ’ ತಿಂಗಳು. ಪಾಪುವಾ ನ್ಯೂಗಿನಿಯ ಬೆಟ್ಟಗಳ ಯುಪ್ನೊ ಜನ ನಮ್ಮ ಪಕ್ಷ. ಅವರ ಕೈಗೆ ನಾಳೆ ಏರಿನ ಕಡೆ, ನಿನ್ನೆ ಇಳಿಜಾರಿನ ಕಡೆ, ತಾವು ಯಾವ ದಿಕ್ಕಿಗೆ ಮುಖ ಮಾಡಿದ್ದರೂ ಸರಿ. ಆಸ್ಟ್ರೇಲಿಯಾದ ಪೊರ್ಂಪುರಾವ್ ಎಂಬ ಊರಿನವರಿಗೆ ಒಬ್ಬ ಮನುಷ್ಯ ಮಗುವಿನಿಂದ ಮುದುಕನಾಗುವ ಚಿತ್ರಗಳನ್ನು ಕೊಟ್ಟು ಕ್ರಮವಾಗಿ ಜೋಡಿಸಿ ಅಂದರೆ ಅವರು ಪೂರ್ವದಿಂದ ಪಶ್ಚಿಮಕ್ಕೆ ಜೋಡಿಸಿದರು, ಸೂರ್ಯ ಹೋಗುವ ದಾರಿಯಲ್ಲೇ.

ಸೂರ್ಯನ ದಾರಿ ನಮ್ಮ ಮಾತಿನಲ್ಲೂ ಇದೆ. ‘ಹೊತ್ತು’ ಅಂದರೆ ಸೂರ್ಯನೂ ಹೌದು, ಸಮಯವೂ ಹೌದು. ಹೊತ್ತು ಮುಳುಗಿತು, ಹೊತ್ತಾಯಿತು. ತಮಿಳಿನ ‘ಪೊೞುದು’ ಇದರ ಒಡಹುಟ್ಟು. ಈ ಹೊತ್ತನ್ನು ನಾವು ಉದ್ದದಲ್ಲಿ ಅಳೆಯುವುದಿಲ್ಲ. ತುಂಬಾ ಹೊತ್ತು, ಸ್ವಲ್ಪ ಹೊತ್ತು ಅನ್ನುತ್ತೇವೆ, ಕೊಡದ ನೀರಿನ ಹಾಗೆ. ಸಂಸ್ಕೃತದಿಂದ ಬಂದ ‘ದೀರ್ಘಕಾಲ’ದಲ್ಲಷ್ಟೇ ಉದ್ದ ಕಾಣಿಸುತ್ತದೆ. ಸ್ಪ್ಯಾನಿಷಿನವರೂ ನಮ್ಮಂತೆ ‘ತುಂಬಾ’ ಸಮಯ ಅನ್ನುವವರು. ಸ್ವೀಡನ್ನಿನವರು ‘ಉದ್ದ’ ಸಮಯ ಅನ್ನುವವರು. ಎಮಾನುಯೆಲ್ ಬಿಲುಂಡ್ ಮತ್ತು ಪನೋಸ್ ಅಥನಾಸೊಪೌಲಸ್ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪರದೆಯ ಮೇಲೆ ಒಮ್ಮೆ ಗೆರೆ ಬೆಳೆಯುತ್ತಿತ್ತು, ಒಮ್ಮೆ ಪಾತ್ರೆ ತುಂಬುತ್ತಿತ್ತು. ಎಷ್ಟು ಸಮಯ ಹಿಡಿಯಿತು ಎಂದು ಅಂದಾಜಿಸಬೇಕು. ಗೆರೆ ಉದ್ದವಾದಷ್ಟೂ ಸ್ವೀಡಿಷರು ಮೋಸಹೋದರು, ಪಾತ್ರೆ ಹೆಚ್ಚು ತುಂಬಿದಷ್ಟೂ ಸ್ಪ್ಯಾನಿಷರು ಮೋಸಹೋದರು. ಎರಡೂ ಭಾಷೆ ಬಲ್ಲವರಿಗೆ ಯಾವ ಭಾಷೆಯಲ್ಲಿ ಸೂಚನೆ ಕೊಟ್ಟರೋ ಆ ಭಾಷೆಯವರ ಮೋಸವೇ ಆಯಿತು. ಸೂಚನೆಯಿಂದ ಪದವನ್ನು ತೆಗೆದುಹಾಕಿದಾಗ ಆ ಪ್ರಭಾವವೂ ಹೋಯಿತು.

ಈ ಕೊನೆಯ ಮಾತು ನನಗೆ ಬಹಳ ಮುಖ್ಯ. ಭಾಷೆಯ ಹಿಡಿತ ಬಿಡಿಸಿಕೊಳ್ಳಲಾಗದಂಥದ್ದಲ್ಲ. ಅಮೆರಿಕದ ಹೋಪಿ ಜನರ ಭಾಷೆಯಲ್ಲಿ ಕಾಲವೆಂಬುದೇ ಇಲ್ಲ ಎಂದು ಬೆಂಜಮಿನ್ ವೋರ್ಫ್ ಬರೆದದ್ದನ್ನು ಲೋಕ ದಶಕಗಳ ಕಾಲ ನಂಬಿತ್ತು. 1983ರಲ್ಲಿ ಎಕೆಹಾರ್ಟ್ ಮಲೋಟ್ಕಿ 600 ಪುಟ ಮೀರಿದ ಪುಸ್ತಕದಲ್ಲಿ ಹೋಪಿಯ ಕಾಲಸೂಚಕ ಮಾತುಗಳನ್ನು ರಾಶಿ ಹಾಕಿ ತೋರಿಸಿದ. ಭಾಷೆ ನಮ್ಮನ್ನು ಒಂದೇ ಕಾಲದೊಳಗೆ ಕೂಡಿಹಾಕುವ ಕೊಟ್ಟಿಗೆಯಾಗಿದ್ದರೆ ಮಾಮ ಮಂಡಿಯಲ್ಲಿ ಒಂದು ದಿನವೂ ವ್ಯಾಪಾರ ಮಾಡಲಾಗುತ್ತಿರಲಿಲ್ಲ.

ಮಾಮನಿಗೆ ಮಾತು ಮಾತ್ರವಲ್ಲ, ಕಾಲದ ಎಣಿಕೆಯೂ ಎರಡು. ಅವರ ಮನೆಯ ನಡುಮನೆಯಲ್ಲಿ ಎರಡು ಕ್ಯಾಲೆಂಡರ್ ತೂಗುತ್ತವೆ. ಒಂದು ದಿನಕ್ಕೊಂದು ಹಾಳೆ ಹರಿಯುವ ತಮಿಳು ಕ್ಯಾಲೆಂಡರ್, ಇನ್ನೊಂದು ತಿಂಗಳಿಗೊಂದು ಹಾಳೆಯ ಕನ್ನಡದ್ದು. ಬೆಳಿಗ್ಗೆ ಕಾಫಿಗೆ ಮುಂಚೆ ಹಾಳೆ ಹರಿಯುವುದು ಮಾಮನ ಕೆಲಸ. ಹಬ್ಬ, ತಿಥಿ ನೋಡುವುದು ಅತ್ತೆಯದು. ಕನ್ನಡದ ವರ್ಷ ಚಂದ್ರನ ಬೆನ್ನು ಹಿಡಿದದ್ದು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು 29.5 ದಿನ, ಹನ್ನೆರಡು ತಿಂಗಳಿಗೆ 354. ಸೂರ್ಯನ ವರ್ಷಕ್ಕಿಂತ 11 ದಿನ ಕಡಿಮೆ. ಹಾಗಾಗಿ ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ ಬಿದ್ದಿತು. ಹೀಗೆ ಜಾರುತ್ತಲೇ ಹೋಗದಂತೆ ಅಧಿಕ ಮಾಸ ತಡೆಯುತ್ತದೆ. 2026ರ ಅಧಿಕ ಜ್ಯೇಷ್ಠ ಬಂದುದರಿಂದ 2027ರ ಯುಗಾದಿ ಮತ್ತೆ ಏಪ್ರಿಲ್ 7ಕ್ಕೆ ಏರುತ್ತದೆ. ತಮಿಳರ ಹೊಸ ವರ್ಷವಾದ ಚಿತ್ತಿರೈ ತಿಂಗಳ ಮೊದಲ ದಿನ ಮಾತ್ರ ಏಪ್ರಿಲ್ 14ರ ಆಸುಪಾಸಿನಿಂದ ಅಲ್ಲಾಡುವುದಿಲ್ಲ. ಅದು ಸೂರ್ಯ ರಾಶಿಯಿಂದ ರಾಶಿಗೆ ದಾಟುವ ಲೆಕ್ಕ. ಜುಲೈ ಸುಮಾರಿಗೆ ಭೂಮಿ ಸೂರ್ಯನಿಂದ ದೂರವಿದ್ದು ನಿಧಾನ ನಡೆಯುವುದರಿಂದ ಅವರ ಆನಿ ತಿಂಗಳು 32 ದಿನ ಮುಟ್ಟುತ್ತದೆ; ಜನವರಿಯ ಹೊತ್ತಿಗೆ ವೇಗ ಹೆಚ್ಚುವುದರಿಂದ ಮಾರ್ಗಳಿ 29ಕ್ಕೇ ಮುಗಿಯುವುದುಂಟು.

ಇದರ ಬಿಸಿ ತಟ್ಟುವುದು ಮದುವೆ ಗೊತ್ತುಮಾಡುವಾಗ. ನಮ್ಮ ಆಷಾಢ, ತಮಿಳರ ಆಡಿ ಹೆಸರಿನಲ್ಲಿ ಒಂದೇ, ಎರಡರಲ್ಲೂ ಮದುವೆಯಿಲ್ಲ. ಆದರೆ 2025ರಲ್ಲಿ ಆಷಾಢ ಜೂನ್ 26ರಿಂದ ಜುಲೈ 24, ಆಡಿ ಜುಲೈ 17ರಿಂದ ಆಗಸ್ಟ್ 16. ಹೆಣ್ಣಿನ ಕಡೆ ಕನ್ನಡ, ಗಂಡಿನ ಕಡೆ ತಮಿಳು ಆದರೆ ಏಳು ವಾರ ಮೀರಿ ಮುಹೂರ್ತವೇ ಇಲ್ಲ. ‘ಅವರದ್ದೂ ಬಿಡೋಕಾಗಲ್ಲ, ನಮ್ಮದೂ ಬಿಡೋಕಾಗಲ್ಲ’ ಎಂದು ಅತ್ತೆ ಎರಡೂ ಕ್ಯಾಲೆಂಡರಿನ ಮುಂದೆ ನಿಂತು ಬೆರಳು ಮಡಿಚುತ್ತಿದ್ದುದನ್ನು ನೋಡಿದ್ದೇನೆ.

ಮಂಡಿಯ ಆ ದಿನದ ನಂತರ ನಾನು ಕಿವಿಗೊಟ್ಟು ಕೇಳತೊಡಗಿದೆ. ಹಣ ಕೊಡುವ ದಿನ, ಲಾರಿ ಬರುವ ದಿನ ಹೀಗೆ ತಪ್ಪಿದರೆ ನಷ್ಟವಾಗುವ ಕಡೆಗಳಲ್ಲಿ ಮಾಮ ‘ಮುಂದಿನ’ ಎಂಬ ಪದವನ್ನೇ ಬಳಸುವುದಿಲ್ಲ. ಕನ್ನಡದಲ್ಲಿ ‘ಹೋದ ವಾರ, ಬರೋ ವಾರ’. ತಮಿಳಿನಲ್ಲಿ ‘ಪೋನ ವಾರಂ, ವರ್ರ ವಾರಂ’. ಅದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದೆ. ತಾವು ಹಾಗೆ ಮಾತಾಡುತ್ತೇವೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ‘ಹೌದಾ?’ ಅಂದವರು ಫೋನ್ ಕಿವಿಗಿಟ್ಟುಕೊಂಡು, ಲಾರಿಯವನಿಗೆ ‘ವರ್ರ ಸೆವ್ವಾಯ್’ ಎಂದು ಬರುವ ಮಂಗಳವಾರದ ಬಾಡಿಗೆ ಮಾತಾಡತೊಡಗಿದರು.